ನಾಕ್ಸೊಸ್ ದ್ವೀಪದ ಝಾಸ್ ಶಿಖರ: ಯಾವ ಕಡೆ ಹತ್ತೋದು, ಯಾವ ಕಡೆ ಇಳಿಯೋದು?

ಪ್ರಶ್ನೆ (ಕಾವೇರಿತೀರ, ಮ್ಯೂನಿಕ್): ಸೆಪ್ಟೆಂಬರ್ ಕೊನೆಯ ವಾರ ನಾಲ್ಕು ದಿನಕ್ಕೆ ಗ್ರೀಸ್‌ನ ನಾಕ್ಸೊಸ್‌ಗೆ ಹೋಗುತ್ತಿದ್ದೇವೆ. ನಾನು, ನಮ್ಮನೆಯವರು, 9 ವರ್ಷದ ಮಗ, ಮೈಸೂರಿನಿಂದ ಬರುವ ಅಮ್ಮ. ಅಮ್ಮನಿಗೆ 62, ವರ್ಷಕ್ಕೊಮ್ಮೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ. ದ್ವೀಪದ ಅತಿ ಎತ್ತರದ ಝಾಸ್ ಬೆಟ್ಟ ಹತ್ತುವ ಆಸೆ ಇದೆ. ಎರಡು ದಾರಿ ಇವೆಯಂತೆ: ಗುಹೆಯ ಕಡೆಯದು, ರಿಡ್ಜ್ ಮೇಲಿನದು. ಯಾವುದು ವಾಸಿ? ಗಾಳಿ ಜೋರು ಅನ್ನುತ್ತಾರೆ, ಎಷ್ಟು ಜೋರು? ಕಾರು ಬಾಡಿಗೆಗೆ ತೆಗೆದುಕೊಳ್ಳಬೇಕಾ, ಬಸ್ ಸಾಕಾ? ನಾವು ಸಸ್ಯಾಹಾರಿಗಳು.

ನಕ್ಷೆಗಾರ: ಮೊದಲು ಲೆಕ್ಕ. ಝಾಸ್ ಎತ್ತರ 1004 ಮೀಟರ್ (ಕೆಲವು ನಕ್ಷೆಗಳಲ್ಲಿ 1003). ನಾಕ್ಸೊಸ್‌ಗೆ ಮಾತ್ರವಲ್ಲ, ಇಡೀ ಸಿಕ್ಲಡೀಸ್ ದ್ವೀಪಸಮೂಹಕ್ಕೇ ಅದೇ ದೊಡ್ಡದು. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟೇ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. ನೆರಳಿಲ್ಲ, ಮೇಲೆ ನೀರಿಲ್ಲ, ಗಾಳಿಗೆ ಅಡ್ಡ ಏನೂ ಇಲ್ಲ.

ದಾರಿ ಎರಡಲ್ಲ, ಲೆಕ್ಕಕ್ಕೆ ಮೂರು.

ಒಂದು, ಅಗಿಯಾ ಮರೀನಾ ಪ್ರಾರ್ಥನಾ ಮಂದಿರದಿಂದ. ಫಿಲೋಟಿ ಊರಿನಿಂದ ಅಪೀರಾಂಥೋಸ್ ಕಡೆ ಹೋಗುವ ರಸ್ತೆಯಲ್ಲಿ ಬಲಕ್ಕೆ ದನಕೋಸ್‌ಗೆ ತಿರುಗುವ ಕ್ರಾಸ್ ಬರುತ್ತದೆ. ಆ ದನಕೋಸ್ ರಸ್ತೆಯಲ್ಲಿ ಸ್ವಲ್ಪ ಮುಂದೆ ಪಕ್ಕದಲ್ಲೇ ಸಣ್ಣ ಬಿಳಿ ಕಟ್ಟಡ. ಮಂದಿರ ಇರುವುದು ಸುಮಾರು 600 ಮೀಟರ್ ಎತ್ತರದಲ್ಲಿ, ಹಾಗಾಗಿ ಏರಬೇಕಾದದ್ದು 400 ಮೀಟರ್. ಹತ್ತಲು ಒಂದೂವರೆ ಗಂಟೆ, ಇಳಿಯಲು ಒಂದೂಕಾಲು. ಮಗು, ಹಿರಿಯರು ಜೊತೆಗಿದ್ದರೆ ಹತ್ತಲು ಎರಡು ಗಂಟೆ ಇಟ್ಟುಕೊಳ್ಳಿ.

ಎರಡು, ಅರಿಯಾ ಬುಗ್ಗೆಯಿಂದ ಗುಹೆ ದಾಟಿ ಕೊರಕಲಿನಲ್ಲಿ ಮೇಲಕ್ಕೆ. ದೂರ ಕಡಿಮೆ, ಸಮಯ ಕಡಿಮೆಯಲ್ಲ. ಬುಗ್ಗೆಯಿಂದ ಗುಹೆಗೆ ಅರ್ಧ ಗಂಟೆಯೊಳಗೆ ಹೋಗಬಹುದು. ಅಲ್ಲಿಂದ ಮೇಲೆ ಸಡಿಲ ಕಲ್ಲು, ಕಡಿದಾದ ಏರು, ಕೆಲವು ಕಡೆ ಕೈ ಊರಿಯೇ ಹತ್ತಬೇಕು.

ಮೂರು, ಇವೆರಡನ್ನೂ ಸೇರಿಸಿದ ಸುತ್ತು. ಫಿಲೋಟಿಯಿಂದ ಫಿಲೋಟಿಗೆ ನಾಲ್ಕೂವರೆಯಿಂದ ಐದೂವರೆ ಗಂಟೆ, ಸುಮಾರು 600 ಮೀಟರ್ ಏರು.

ನಿಮ್ಮ ತಂಡಕ್ಕೆ ಮೊದಲನೆಯದೇ. ಅದರಲ್ಲಿ ಎರಡು ಮಾತಿಲ್ಲ.

ಕಾಫಿತೋಟ: ನಕ್ಷೆಗಾರರ ಮಾತಿಗೆ ಒಂದು ಸೇರಿಸುತ್ತೇನೆ. ಕೊರಕಲನ್ನು ಯಾರಾದರೂ ಬಳಸುವುದಾದರೆ ಹತ್ತಲು ಬಳಸಲಿ, ಇಳಿಯಲು ಮಾತ್ರ ಬೇಡವೇ ಬೇಡ. ಹತ್ತುವಾಗ ಮುಂಗಾಲಿನ ಭಾರಕ್ಕೆ ಕಲ್ಲು ಹಿಂದಕ್ಕೆ ಒತ್ತಿ ಕೂರುತ್ತದೆ. ಇಳಿಯುವಾಗ ಹಿಮ್ಮಡಿಯ ಕೆಳಗೆ ಅದೇ ಕಲ್ಲು ಉರುಳುತ್ತದೆ, ಕೆಳಗಿದ್ದವರ ತಲೆಯ ಕಡೆಗೇ ಹೋಗುತ್ತದೆ. ಮೇಲಿಂದ ನೋಡಿದರೆ ಕೊರಕಲಿನ ಬಾಯಿ ಎಲ್ಲಿದೆ ಅಂತಲೂ ಬೇಗ ಗೊತ್ತಾಗುವುದಿಲ್ಲ.

ಜನ ಅಲ್ಲಿ ಇಳಿಯುವುದು ಯಾಕೆ? ಫೋನಿನ ಆ್ಯಪ್‌ನಿಂದ. ಶಿಖರದಲ್ಲಿ ನಿಂತು 'ಫಿಲೋಟಿಗೆ ದಾರಿ' ಅಂತ ಕೇಳಿದರೆ ಅದು ಅತಿ ಹತ್ತಿರದ ಗೆರೆ ತೋರಿಸುತ್ತದೆ. ಆ ಗೆರೆ ಗುಹೆಯ ಮೇಲಿನ ಕೊರಕಲಿನಲ್ಲೇ ಹಾದು ಹೋಗುತ್ತದೆ. ಇಳಿಜಾರು ಎಷ್ಟು, ಕಲ್ಲು ಗಟ್ಟಿಯೋ ಸಡಿಲವೋ, ಅದು ನೋಡುವುದಿಲ್ಲ. ಹೊರಡುವ ಮೊದಲೇ ಅಗಿಯಾ ಮರೀನಾ ದಾರಿಯನ್ನು ಆಫ್‌ಲೈನ್ ನಕ್ಷೆಯಲ್ಲಿ ಉಳಿಸಿಕೊಳ್ಳಿ. ಟೆರೇನ್ ಪ್ರಕಾಶನದ ನಾಕ್ಸೊಸ್ ಕಾಗದದ ನಕ್ಷೆ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು, ಎತ್ತರದ ಗೆರೆಗಳು ಒತ್ತೊತ್ತಾಗಿರುವುದು ಕಣ್ಣಿಗೆ ಬೀಳುತ್ತದೆ.

ಇನ್ನು ಅಗಿಯಾ ಮರೀನಾ ದಾರಿಯ ವಿವರ. ಶುರುವಿನಲ್ಲಿ ಕಲ್ಲಿನ ಗೋಡೆಗಳ ಪಕ್ಕದಲ್ಲಿ ಆರಾಮಾದ ನಡಿಗೆ, ಏರು ನಿಧಾನ. ತಂತಿಯಿಂದ ಕಟ್ಟಿದ ಗೇಟು ಸಿಕ್ಕಿದರೆ ಬಿಚ್ಚಿ ದಾಟಿ ಮತ್ತೆ ಕಟ್ಟಿ. ಮೇಕೆ ಸಾಕುವವರ ಬೇಲಿ ಅದು. ಮುಚ್ಚಿಲ್ಲದ ಗೇಟಿನಿಂದಲೇ ಚಾರಣಿಗರಿಗೂ ಊರಿನವರಿಗೂ ಜಗಳ. ದಾರಿಯ ಬದಿಯ ಒಂದು ಬಂಡೆಯಲ್ಲಿ ಪ್ರಾಚೀನ ಗ್ರೀಕ್ ಅಕ್ಷರಗಳಿವೆ: 'ಓರೊಸ್ ದಿಯೊಸ್ ಮಿಲೋಸಿಯು', ಮಂದೆ ಕಾಯುವ ಝ್ಯೂಸ್‌ನ ಬೆಟ್ಟ. ಕ್ರಿಸ್ತಪೂರ್ವ 4ನೇ ಶತಮಾನದ್ದು. ಅಕ್ಷರ ಸವೆದಿವೆ. ನಡುಮಧ್ಯಾಹ್ನದ ಬೆಳಕಿನಲ್ಲಿ ಪಕ್ಕದಲ್ಲೇ ಹಾದರೂ ಕಾಣದು; ಓರೆ ಬಿಸಿಲಿದ್ದಾಗ ಗೀರುಗಳಲ್ಲಿ ನೆರಳು ಕೂತು ಓದಲು ಬರುತ್ತದೆ. ಬೆಳಿಗ್ಗೆ ಬೇಗ ಹೊರಡಲು ಅದೂ ಒಂದು ನೆಪ.

ಆಮೇಲೆ ದಾರಿ ಬೆಟ್ಟದ ಹೆಗಲಿಗೆ ಏರುತ್ತದೆ. ಅಲ್ಲಿಂದ ಶಿಖರದವರೆಗೆ ಬರಿ ಕಲ್ಲು, ಮುಳ್ಳಿನ ಗಿಡ. ಗುರುತಿಗೆ ಬಣ್ಣದ ಚುಕ್ಕೆ, ಅಲ್ಲಲ್ಲಿ ಕಲ್ಲುಗುಪ್ಪೆ. ಫಲಕಗಳಲ್ಲಿ 2 ಅನ್ನುವ ಸಂಖ್ಯೆ ಹುಡುಕಿ. ಐದು ನಿಮಿಷ ನಡೆದರೂ ಚುಕ್ಕೆಯಾಗಲಿ ಗುಪ್ಪೆಯಾಗಲಿ ಕಾಣಲಿಲ್ಲ ಅಂದರೆ ನೀವು ಮೇಕೆದಾರಿ ಹಿಡಿದಿದ್ದೀರಿ. ಮುಂದೆ ಹೋಗಿ ಸೇರಿಕೊಳ್ಳೋಣ ಅನ್ನಬೇಡಿ, ಕೊನೆಯ ಗುರುತಿಗೆ ಹಿಂತಿರುಗಿ. ಮೇಕೆದಾರಿ ಮೊದಲ ಐವತ್ತು ಹೆಜ್ಜೆ ನಿಜವಾದ ದಾರಿಗಿಂತ ಚೆನ್ನಾಗಿರುತ್ತದೆ, ಆಮೇಲೆ ಮುಳ್ಳಿನೊಳಗೆ ನುಗ್ಗುತ್ತದೆ.

ಧಾರವಾಡದಾಕಿ: ಗಾಳಿ ಬಗ್ಗೆ ನಾ ಹೇಳ್ತೀನ್ರಿ. ಜುಲೈ, ಆಗಸ್ಟಿನಾಗ ಉತ್ತರದಿಂದ ಬೀಸೋ 'ಮೆಲ್ತೆಮಿ' ಅಂತ ಗಾಳಿ ಐತಿ. ಆಕಾಶ ಶುಭ್ರ ಇರ್ತದ, ಬಿಸಿಲು ಇರ್ತದ, ಗಾಳಿ ಮಾತ್ರ ಬಿಡಂಗಿಲ್ಲ. ಸೆಪ್ಟೆಂಬರ್ ಕೊನೀಗೆ ಕಡಿಮಿ ಆಗ್ತದ, ಪೂರ್ತಿ ನಿಲ್ಲೂದಿಲ್ಲ.

ಅಲ್ಲಿಯವರು ಗಾಳಿನ ಬೋಫರ್ಟ್ ಅಂಕಿಯೊಳಗ ಹೇಳ್ತಾರ. 5 ಅಂದ್ರ ತಾಸಿಗೆ 29ರಿಂದ 38 ಕಿ.ಮೀ., 6 ಅಂದ್ರ 39ರಿಂದ 49, 7 ಅಂದ್ರ 50ರಿಂದ 61. ಇದು ಸಮುದ್ರದ ಮ್ಯಾಲಿನ ಸರಾಸರಿ ಲೆಕ್ಕ. ಬೆಟ್ಟದ ಏಣಿನ ಮ್ಯಾಲೆ ಗಾಳಿ ಒತ್ತಿ ಹಾಯೂದ್ರಿಂದ ಅದಕ್ಕಿಂತ ಜೋರು ಬಡೀತದ. ನನ್ನ ಲೆಕ್ಕ ಹಿಂಗ: 4ರ ತನಕ ಎಲ್ಲಾರೂ ಹೋಗಬಹುದು. 5 ಇದ್ರ ಹುಡುಗನ ಕೈ ಬಿಡಬ್ಯಾಡ್ರಿ. 6 ಇದ್ರ ಹೆಗಲಿನ ತನಕ ಹೋಗಿ ತಿರುಗ್ರಿ. 7 ಇದ್ರ ಬೆಟ್ಟ ಬಿಡ್ರಿ, ಫಿಲೋಟಿ ಚೌಕದಾಗಿನ ದೊಡ್ಡ ಚಿನಾರ್ ಮರದ ಕೆಳಗ ಕಾಫಿ ಕುಡೀರಿ.

ಇನ್ನೊಂದು ಸೂಕ್ಷ್ಮ ಐತಿ. ಅಗಿಯಾ ಮರೀನಾ ಇರೂದು ಶಿಖರದ ಉತ್ತರಕ್ಕ. ಅಲ್ಲಿಂದ ಹತ್ತಬೇಕಾದ್ರ ಗಾಳಿ ಬೆನ್ನಿಗೆ, ಅದಕ್ಕ ಹಗುರ ಅನಸ್ತದ. ಇಳಿಬೇಕಾದ್ರ ಮಾರಿಗೆ ಹೊಡೀತದ, ಕಣ್ಣಾಗ ನೀರು, ಕಾಲು ಎಲ್ಲಿ ಇಡಬೇಕಂತ ಕಾಣೂದಿಲ್ಲ. ಅದಕ್ಕ ಹೆಗಲಿಗೆ ಬಂದ ಕೂಡ್ಲೇ ಒಮ್ಮೆ ಹಿಂದ ತಿರುಗಿ, ಗಾಳಿಗೆ ಮುಖ ಕೊಟ್ಟು ಇಪ್ಪತ್ತು ಹೆಜ್ಜಿ ಇಳಿದು ನೋಡ್ರಿ. ತ್ರಾಸ ಆತಂದ್ರ ಮುಂದ ಹೋಗಬ್ಯಾಡ್ರಿ. ಗುಹೆ ಕಡಿಂದ ಬರೋವ್ರಿಗೆ ಇದರ ಉಲ್ಟಾ. ಕೊರಕಲು ಪಶ್ಚಿಮಕ್ಕ ಐತಿ, ಗಾಳಿ ಗೊತ್ತಾಗಂಗಿಲ್ಲ, ರಿಡ್ಜ್ ಮುಟ್ಟಿದ ಕೂಡ್ಲೇ ಒಮ್ಮೆಲೆ ಬಡೀತದ. ಅಷ್ಟೊತ್ತಿಗೆ ಅವರಿಗೆ ಹಿಂದಕ್ಕ ಇಳಿಯೂದೂ ಕಷ್ಟ.

ಉತ್ತರದ ಗಾಳಿ ಇದ್ದ ದಿನ ಶಿಖರದ ಮ್ಯಾಲೆ ಮೋಡದ ಟೊಪ್ಪಿಗಿ ಕೂತಿರ್ತದ. ಕೆಳಗ ಬಂದರದಾಗ ಬಿಸಿಲಿದ್ರೂ ಮ್ಯಾಲೆ ಹತ್ತು ಮಾರು ಕಾಣಂಗಿಲ್ಲ. ಬೆಳಿಗ್ಗೆ ಎದ್ದು ಬೆಟ್ಟದ ತುದಿ ಕಾಣ್ತದೇನು ನೋಡ್ರಿ. ಕಾಣದಿದ್ರ ಮರುದಿನ ಹೋಗ್ರಿ. ನಿಮಗ ನಾಕು ದಿನ ಐತಲ್ಲ, ಬೆಟ್ಟವನ್ನ ಮೊದಲನೇ ದಿನಕ್ಕ ಇಟ್ಕೊಳ್ರಿ, ಕಡೀ ದಿನಕ್ಕಲ್ಲ.

ಕಾವೇರಿತೀರ: ಎಲ್ಲರಿಗೂ ಧನ್ಯವಾದ. ಶೂ ಬಗ್ಗೆ? ಅಮ್ಮನ ಹತ್ತಿರ ವಾಕಿಂಗ್ ಶೂ ಮಾತ್ರ ಇದೆ. ರಿಡ್ಜ್ ಮೇಲೆ ಪಕ್ಕದಲ್ಲಿ ಪ್ರಪಾತ ಇದೆಯಾ?

ನಕ್ಷೆಗಾರ: ಪಶ್ಚಿಮಕ್ಕೆ, ಫಿಲೋಟಿ ಕಡೆಗೆ, ಬೆಟ್ಟ ಕಡಿದಾಗಿ ಬೀಳುತ್ತದೆ. ದಾರಿ ಅಂಚಿನಲ್ಲೇ ಇಲ್ಲ, ಆದರೆ ಫೋಟೋಗೆ ಅಂತ ಅಂಚಿಗೆ ಹೋಗುವವರೇ ಹೆಚ್ಚು. ಶಿಖರದಲ್ಲಿ ಸರ್ವೆ ಕಂಬ ಇದೆ. ಮಗನನ್ನು ಅದರ ಪೂರ್ವಕ್ಕೆ ಕೂರಿಸಿ.

ಶೂ ವಿಷಯ ಮುಖ್ಯ. ಝಾಸ್ ಅಮೃತಶಿಲೆಯ ಬೆಟ್ಟ. ಓಡಾಟದಲ್ಲಿ ಸವೆದ ಕಲ್ಲು ಮಳೆ ಬಿದ್ದರೆ ಎಣ್ಣೆ ಸವರಿದ ದೋಸೆ ಕಾವಲಿ. ಸವೆಯದ ಕಲ್ಲು ಮಳೆನೀರಿಗೆ ಕರಗಿ ಚೂಪು ಅಂಚು ಪಡೆದಿರುತ್ತದೆ, ತೆಳು ಅಟ್ಟೆಯ ಶೂ ಹಾಕಿದರೆ ಪಾದ ನೋಯುತ್ತದೆ. ಆಳ ಗೀರಿನ, ಬಾಗಿಸಿದರೆ ಸುಲಭವಾಗಿ ಮಡಚದ ಅಟ್ಟೆ ಬೇಕು. ಕಣಕಾಲು ಮುಚ್ಚುವ ಬೂಟು ಕಡ್ಡಾಯವಲ್ಲ. ಅಮ್ಮನಿಗೆ ಹೊಸ ಶೂ ಕೊಡಿಸುವುದಾದರೆ ಮೈಸೂರಿನಲ್ಲೇ ಕೊಡಿಸಿ, ಒಂದು ತಿಂಗಳು ಮೆಟ್ಟಿಲು ಹತ್ತಿ ಇಳಿದು ಪಳಗಿಸಲಿ. ಇಳಿಯಲು ಎರಡು ಟ್ರೆಕ್ಕಿಂಗ್ ಕೋಲು ಇರಲಿ, ಹತ್ತುವಾಗಿನದಕ್ಕಿಂತ ಐದರಿಂದ ಹತ್ತು ಸೆಂ.ಮೀ. ಉದ್ದ ಮಾಡಿಕೊಳ್ಳಲಿ. ಅರವತ್ತು ದಾಟಿದವರಿಗೆ ಉಸಿರಿಗಿಂತ ಮಂಡಿಯೇ ಮೊದಲು ಮುಷ್ಕರ ಹೂಡುವುದು.

ಪ್ಯಾಂಟ್ ಉದ್ದದ್ದೇ ಹಾಕಿ. ಮೊಣಕಾಲೆತ್ತರದ ಮುಳ್ಳುಪೊದೆ ಚರ್ಮ ಗೀರುತ್ತದೆ. ಜಿಗಣೆ ಕಾಟ ಇಲ್ಲ. ಹಾವು ಇದೆ, ಮೂಗಿನ ಮೇಲೆ ಸಣ್ಣ ಕೊಂಬಿರುವ ವೈಪರ್ ಜಾತಿಯದು, ವಿಷದ್ದು. ಕಲ್ಲುಗೋಡೆಯ ಸಂದಿಯಲ್ಲಿ ಕೈ ಹಾಕಬೇಡಿ, ಕೂರುವ ಮೊದಲು ಕೋಲಿನಿಂದ ತಟ್ಟಿ.

ಕಾಫಿತೋಟ: ನೀರು: ಸೆಪ್ಟೆಂಬರ್‌ನಲ್ಲಿ ದೊಡ್ಡವರಿಗೆ ತಲಾ 2 ಲೀಟರ್, ಮಗನಿಗೆ ಒಂದೂವರೆ. ಒಣ ಗಾಳಿಯಲ್ಲಿ ಬೆವರು ಮೈಮೇಲೆ ನಿಲ್ಲದೆ ಆರಿಹೋಗುತ್ತದೆ, ಬಾಯಾರಿಕೆ ಗೊತ್ತಾಗುವುದಿಲ್ಲ, ಆಮೇಲೆ ತಲೆನೋವು. ನಮ್ಮ ಮಲೆನಾಡಿನ ಚಾರಣದ ಅಭ್ಯಾಸದವರು ಇಲ್ಲೇ ಎಡವುವುದು. ಅರ್ಧ ಗಂಟೆಗೊಮ್ಮೆ ನಾಲ್ಕು ಗುಟುಕು, ಬಾಯಾರಲಿ ಬಿಡಲಿ. ದಾರಿಯಲ್ಲಿ ನೀರು ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಬೇಸಿಗೆ ಮುಗಿಯುವಾಗ ಬುಗ್ಗೆಗಳು ಬಡವಾಗಿರುತ್ತವೆ. ಎಲ್ಲವನ್ನೂ ಫಿಲೋಟಿಯಲ್ಲೇ ತುಂಬಿಸಿಕೊಳ್ಳಿ.

ಊಟ: ಬೇಕರಿಯಲ್ಲಿ ಪಾಲಕ್ ತುಂಬಿದ ಸ್ಪನಕೋಪಿಟಾ, ಚೀಸ್ ತುಂಬಿದ ತಿರೋಪಿಟಾ ಸಿಗುತ್ತವೆ, ಬುತ್ತಿಗೆ ಸರಿ. ನಾಕ್ಸೊಸ್ ಆಲೂಗಡ್ಡೆ, ಗ್ರವಿಯೆರಾ ಚೀಸ್ ಎರಡೂ ಹೆಸರುವಾಸಿ. ಹೋಟೆಲಿನಲ್ಲಿ 'ನಿಸ್ತೀಸಿಮೊ' ಅಂತ ಉಪವಾಸದ ಅಡುಗೆ ತೋರಿಸುತ್ತಾರೆ. ಅದರಲ್ಲಿ ಮಾಂಸ, ಹಾಲು ಇರುವುದಿಲ್ಲ, ಆದರೆ ಸೀಗಡಿ, ಆಕ್ಟೋಪಸ್ ಅವರ ಉಪವಾಸಕ್ಕೆ ಅಡ್ಡಿಯಲ್ಲ. ಕೇಳಿಯೇ ತೆಗೆದುಕೊಳ್ಳಿ. ಅಮ್ಮ ಚಟ್ನಿಪುಡಿ ತಂದರೆ ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕಂತೆ.

ಬಸ್‌ಸ್ಟ್ಯಾಂಡ್: ಸಾರಿಗೆ. ಅಥೆನ್ಸ್‌ನ ಬಂದರು ಪಿರೇಯಸ್‌ನಿಂದ ದೊಡ್ಡ ಹಡಗಿನಲ್ಲಿ ಐದರಿಂದ ಐದೂವರೆ ಗಂಟೆ, ವೇಗದ ಹಡಗಿನಲ್ಲಿ ಮೂರೂವರೆ, ನಾಲ್ಕು. ಗಾಳಿ ಎದ್ದರೆ ಮೊದಲು ನಿಲ್ಲಿಸುವುದು ವೇಗದ್ದನ್ನೇ. ಅಥೆನ್ಸ್‌ನಿಂದ ವಿಮಾನ ಹಿಡಿಯುವ ದಿನವೇ ದ್ವೀಪ ಬಿಡುವ ಯೋಜನೆ ಹಾಕಬೇಡಿ, ನಡುವೆ ಒಂದು ರಾತ್ರಿ ಅಥೆನ್ಸ್‌ನಲ್ಲಿ ಇರಲಿ.

ನಾಕ್ಸೊಸ್ ಪಟ್ಟಣಕ್ಕೆ ಹೋರಾ ಅನ್ನುತ್ತಾರೆ. ಬಂದರಿನ ಪಕ್ಕವೇ ಕೆಟೆಲ್ (KTEL) ಸಂಸ್ಥೆಯ ಬಸ್ ನಿಲ್ದಾಣ. ಟಿಕೆಟ್ ಹತ್ತುವ ಮೊದಲೇ ತೆಗೆದುಕೊಳ್ಳಿ. ಫಿಲೋಟಿ ಸುಮಾರು 18 ಕಿ.ಮೀ. ಅಪೀರಾಂಥೋಸ್‌ಗೆ ಹೋಗುವ ಬಸ್ ದನಕೋಸ್ ಕ್ರಾಸ್ ದಾಟಿಯೇ ಹೋಗುತ್ತದೆ. ಹತ್ತುವಾಗಲೇ ಡ್ರೈವರ್‌ಗೆ 'ಅಗಿಯಾ ಮರೀನಾ, ಝಾಸ್' ಅಂತ ಹೇಳಿಡಿ. ಫಿಲೋಟಿಯಿಂದ ಮಂದಿರದವರೆಗೆ ಹಳೆಯ ಕಾಲುದಾರಿಯೂ ಇದೆ, 200 ಮೀಟರ್ ಏರು, ಅಮ್ಮನಿಗೆ ಅದನ್ನು ಉಳಿಸಿ. ಇಳಿಯುವಾಗ ಬೇಕಾದರೆ ನಡೆಯಿರಿ.

ವೇಳಾಪಟ್ಟಿ ಭಾನುವಾರ ಬೇರೆ, ಸೀಸನ್ ಮುಗಿದ ಮೇಲೆ ಇನ್ನೂ ಬೇರೆ. ಕಳೆದ ವರ್ಷದ ಪಟ್ಟಿ ನೋಡಿ ಹೋಗಿ ಕ್ರಾಸಿನಲ್ಲಿ ಕೂರುವವರಿದ್ದಾರೆ. ಹಿಂದಿನ ದಿನ ನಿಲ್ದಾಣದಲ್ಲಿ ಅಂಟಿಸಿದ್ದನ್ನು ಫೋಟೋ ತೆಗೆದುಕೊಳ್ಳಿ.

ಕಾರು ತೆಗೆದುಕೊಳ್ಳುವುದಾದರೆ ಓಡಿಸುವವರ ಲೈಸೆನ್ಸ್ ಯಾವುದು? ಜರ್ಮನಿಯದ್ದಾದರೆ ತೊಂದರೆ ಇಲ್ಲ. ಭಾರತದ್ದಾದರೆ ಊರಿನ ಆರ್‌ಟಿಓದಿಂದ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ತರಲೇಬೇಕು, ಒಂದು ವರ್ಷ ನಡೆಯುತ್ತದೆ. ಅಮ್ಮನ ಷೆಂಗೆನ್ ವೀಸಾಕ್ಕೆ ಹೇಗೂ 30,000 ಯೂರೋ ಕನಿಷ್ಠ ಮೊತ್ತದ ವಿಮೆ ಮಾಡಿಸುತ್ತೀರಿ. ಅದರಲ್ಲಿ ಬೆಟ್ಟ ಹತ್ತುವುದನ್ನು ಹೊರಗಿಟ್ಟಿದ್ದಾರಾ ಓದಿ ನೋಡಿ.

ಧಾರವಾಡದಾಕಿ: ವ್ಯಾಳೆ: ಎಂಟಕ್ಕೆ ಮಂದಿರದಿಂದ ಹೊರಟ್ರ ಹತ್ತಕ್ಕ ಶಿಖರ, ಹನ್ನೆರಡೂವರಿಯೊಳಗ ಕೆಳಗ. ಸೆಪ್ಟೆಂಬರ್ ಕೊನೀಗೆ ಸೂರ್ಯ ಮುಳುಗೂದು ಸಂಜಿ ಏಳರ ಸುಮಾರಿಗೆ. ಬಸ್ ತಡ ಇತ್ತಂದ್ರ ಮಧ್ಯಾಹ್ನ ಎರಡರ ಮ್ಯಾಲೆ ಹತ್ತಾಕ ಶುರು ಮಾಡಬ್ಯಾಡ್ರಿ. ತಲಿಗೊಂದು ಕಿವಿ ಮುಚ್ಚೋ ಬಟ್ಟೆ, ಗಾಳಿ ತಡಿಯೋ ತೆಳು ಜಾಕೆಟ್ ಎಲ್ಲಾರಿಗೂ. ಕ್ಯಾಪ್ ಹಾರಿ ಹೋಗ್ತದ, ದಾರ ಇರೋದು ತಗೊಳ್ರಿ. ಅವಘಡ ಆದ್ರ 112ಕ್ಕ ಫೋನ್ ಮಾಡ್ರಿ.

ಕಾವೇರಿತೀರ: ಮಗನಿಗೆ ಗುಹೆ ನೋಡಲೇಬೇಕಂತೆ. ಅಷ್ಟನ್ನೇ ನೋಡಿ ಬರಬಹುದಾ?

ಕಾಫಿತೋಟ: ಧಾರಾಳವಾಗಿ. ಇಳಿದ ಮೇಲೆ ಶಕ್ತಿ ಉಳಿದಿದ್ದರೆ ಅಲ್ಲ, ಬೇರೆ ದಿನ. ಅರಿಯಾ ಬುಗ್ಗೆಯಿಂದ ಗುಹೆಗೆ ಹೋಗಿ ಅದೇ ದಾರಿಯಲ್ಲಿ ಹಿಂದಿರುಗಿ. ತಲೆಗೆ ಕಟ್ಟುವ ಟಾರ್ಚ್ ತಲಾ ಒಂದು ಬೇಕು, ಫೋನಿನ ಬೆಳಕು ಸಾಲದು. ಒಳಗೆ ನೆಲ ತೇವ, ಪಾಚಿ, ಮೇಕೆ ಹಿಕ್ಕೆ, ಜಾರುತ್ತದೆ. ನವಶಿಲಾಯುಗದಿಂದ ಕಂಚಿನ ಯುಗದವರೆಗೆ ಜನ ಬಳಸಿದ ಗುಹೆ ಅದು, ಉತ್ಖನನ ಆಗಿದೆ. ಮಡಕೆ ಚೂರು ಕಂಡರೆ ಮಗ ಜೇಬಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ಗ್ರೀಸ್‌ನಲ್ಲಿ ಅದು ಅಪರಾಧ, ವಿಮಾನ ನಿಲ್ದಾಣದಲ್ಲಿ ಸಿಕ್ಕಿದರೆ ಫಜೀತಿ. ಅಮ್ಮ ಗುಹೆಯವರೆಗೆ ಬರದಿದ್ದರೂ ಬುಗ್ಗೆಯ ಹತ್ತಿರ ಮರದ ನೆರಳಿದೆ, ಕೂತಿರಬಹುದು.