ಹಳೆಯ ಸಿ ಕೋಡ್‌ಗೆ ರಸ್ಟ್ ಸೇರಿಸುವುದು: ಮೊದಲು ಯಾವ ಭಾಗ, ಗಡಿ ಎಲ್ಲಿ?

ಪೀಣ್ಯ_ಗೇಟ್‌ವೇ:

ನಮಸ್ಕಾರ. ವಿದ್ಯುತ್ ಮೀಟರ್‌ಗಳಿಂದ ರೀಡಿಂಗ್ ತೆಗೆದು ಸರ್ವರ್‌ಗೆ ಕಳಿಸುವ ಗೇಟ್‌ವೇ ನಮ್ಮದು, ಬೋರ್ಡ್ ತಯಾರಾಗುವುದು ಪೀಣ್ಯದಲ್ಲೇ. 32 ಬಿಟ್ ಆರ್ಮ್‌ವಿ7, ಎಂಬೆಡೆಡ್ ಲಿನಕ್ಸ್, 128 ಎಂಬಿ ರ‍್ಯಾಮ್. ಮೀಟರ್ ಕಡೆ ಆರ್‌ಎಸ್-485 ಸೀರಿಯಲ್ ತಂತಿಯ ಮೇಲೆ ಡಿಎಲ್‌ಎಂಎಸ್ (ಮೀಟರ್ ಜೊತೆ ಮಾತಾಡುವ ಪ್ರೊಟೋಕಾಲ್), ಭಾರತೀಯ ಮಾನಕ ಐಎಸ್ 15959 ಪ್ರಕಾರ. ಕೋಡ್ ಪೂರ್ತಿ ಸಿ, ಸುಮಾರು ಎರಡು ಲಕ್ಷ ಸಾಲು. ಜಿಸಿಸಿ ಕ್ರಾಸ್ ಟೂಲ್‌ಚೈನ್, ಕೈಯಲ್ಲಿ ಬರೆದ ಮೇಕ್‌ಫೈಲ್.

ಎಚ್‌ಡಿಎಲ್‌ಸಿ (ಡಿಎಲ್‌ಎಂಎಸ್ ಸಂದೇಶವನ್ನು ತಂತಿಯ ಮೇಲೆ ಹೊರುವ ಪದರ) ಫ್ರೇಮ್ ಬಿಡಿಸುವ ಫೈಲ್‌ನಲ್ಲಿ ಬಫರ್ ದಾಟಿ ಓದುವ, ಬರೆಯುವ ದೋಷಗಳು ಪದೇ ಪದೇ ಸಿಗುತ್ತಿವೆ. ಹೊಸದನ್ನು ಇಂಥ ಮೆಮೊರಿ ದೋಷ ತಡೆಯುವ ರಸ್ಟ್ ಭಾಷೆಯಲ್ಲಿ ಬರೆಯೋಣ ಅನ್ನುವ ಮಾತು ಟೀಮ್‌ನಲ್ಲಿ ಎದ್ದಿದೆ. ಎಲ್ಲವನ್ನೂ ಮತ್ತೆ ಬರೆಯುವುದು ಆಗದ ಕೆಲಸ, ಬೇಕಾಗಿಯೂ ಇಲ್ಲ. ಯಾವ ಭಾಗದಿಂದ ಶುರು ಮಾಡಬೇಕು? ಮೇಕ್‌ಫೈಲ್ ಹಾಗೇ ಉಳಿಸಿಕೊಳ್ಳಬಹುದಾ? ಬಿಲ್ಡ್ ಸರ್ವರ್‌ಗೆ ಇಂಟರ್‌ನೆಟ್ ಇಲ್ಲ. ಫ್ಲ್ಯಾಶ್‌ನಲ್ಲಿ ಉಳಿದಿರುವ ಜಾಗ 2 ಎಂಬಿ.

ಬೈಟ್_ಬಸವನಗುಡಿ:

ನೀವು ತೋರಿಸಿದ ಫೈಲೇ ಸರಿಯಾದ ಆರಂಭ. ಹೊರಗಿನಿಂದ ಬರುವ, ನಂಬಲಾಗದ ಬೈಟ್‌ಗಳು ಮೊದಲು ಮುಟ್ಟುವುದು ಅದನ್ನೇ. ಜೊತೆಗೆ ಅದು ಒಳಗೆ ಬೈಟ್ ತೆಗೆದುಕೊಂಡು ಹೊರಗೆ ಒಂದು ಸ್ಟ್ರಕ್ಟ್ ಕೊಡುವ ಕೆಲಸ. ಥ್ರೆಡ್ ಇಲ್ಲ, ಸಾಕೆಟ್ ಇಲ್ಲ, ಗ್ಲೋಬಲ್ ವೇರಿಯಬಲ್ ಇದ್ದರೂ ಕಿತ್ತುಹಾಕಬಹುದು. ವರ್ಷಗಟ್ಟಲೆ ಫೀಲ್ಡ್‌ನಲ್ಲಿ ತೊಂದರೆ ಕೊಡದೆ ಓಡುತ್ತಿರುವ ಭಾಗವನ್ನು ಮುಟ್ಟಲೇಬೇಡಿ. ಆಂಡ್ರಾಯ್ಡ್‌ನಲ್ಲಿ ಮೆಮೊರಿ ಸುರಕ್ಷತೆಯ ದೋಷಗಳ ಪಾಲು 2019ರಲ್ಲಿ ಶೇ. 76 ಇದ್ದದ್ದು 2024ಕ್ಕೆ ಶೇ. 24ಕ್ಕೆ ಇಳಿಯಿತು. ಅದು ಹಳೆಯ ಸಿ ಕೋಡನ್ನೆಲ್ಲ ಬದಲಾಯಿಸಿ ಆದದ್ದಲ್ಲ, ಮುಖ್ಯವಾಗಿ ಹೊಸ ಕೋಡನ್ನು ಮೆಮೊರಿ-ಸುರಕ್ಷಿತ ಭಾಷೆಗಳಲ್ಲಿ ಬರೆದು ಆದದ್ದು.

ನಿಮ್ಮ ಫೈಲ್‌ನಲ್ಲಿ ದೋಷ ಯಾಕೆ ಮರುಕಳಿಸುತ್ತಿದೆ ಅನ್ನುವುದನ್ನೂ ನೋಡಿ. ಡಿಎಲ್‌ಎಂಎಸ್ ಬಳಸುವ ಎಚ್‌ಡಿಎಲ್‌ಸಿಯಲ್ಲಿ ಬೈಟ್ ಸ್ಟಫಿಂಗ್ ಇಲ್ಲ. ಫ್ರೇಮ್‌ನ ಎರಡು ತುದಿ ಗುರುತಿಸುವ ಫ್ಲ್ಯಾಗ್ ಬೈಟ್ ಹೆಕ್ಸ್ 7ಇ ಫ್ರೇಮ್‌ನ ಒಳಗೂ ಬರಬಹುದು, ಆದ್ದರಿಂದ ಫ್ಲ್ಯಾಗ್ ಹುಡುಕಿ ಕತ್ತರಿಸಲು ಆಗದು, ಉದ್ದದ ಫೀಲ್ಡನ್ನು ನೋಡಲೇಬೇಕು. ಆ ಫೀಲ್ಡ್ 11 ಬಿಟ್, ಅಂದರೆ ಗರಿಷ್ಠ 2047, ಎರಡೂ ತುದಿಯ ಫ್ಲ್ಯಾಗ್ ಲೆಕ್ಕಕ್ಕಿಲ್ಲ. ಲೈನ್ ಗದ್ದಲದಲ್ಲಿ ಒಂದು ಬಿಟ್ ತಿರುಗಿದರೆ ಸುಳ್ಳು ಉದ್ದ ಬರುತ್ತದೆ, ಬೈಟ್ ನಕಲು ಮಾಡುವ ಮೆಮ್‌ಕಾಪಿ ಅದನ್ನು ನಂಬುತ್ತದೆ. ಇನ್ನೊಂದು ಜಾಗ ವಿಳಾಸ: ಪ್ರತಿ ಬೈಟ್‌ನ ಕೊನೆಯ ಬಿಟ್ 1 ಆದಾಗ ವಿಳಾಸ ಮುಗಿಯಿತು ಎಂದರ್ಥ. 1 ಸಿಗುವ ತನಕ ಸುತ್ತುವ ಲೂಪ್ ಇದ್ದರೆ ಅದು ಬಫರ್ ದಾಟಿ ಓಡುತ್ತಲೇ ಇರುತ್ತದೆ. 1, 2 ಅಥವಾ 4 ಬೈಟ್ ಬಿಟ್ಟು ಬೇರೆ ಯಾವ ಉದ್ದವನ್ನೂ ಒಪ್ಪಬಾರದು.

ಇದನ್ನೇ ರಸ್ಟ್‌ನಲ್ಲಿ ಚೌಕ ಕಂಸದ ಇಂಡೆಕ್ಸ್ ಹಾಕಿ ಬರೆದರೆ ಓವರ್‌ಫ್ಲೋ ಆಗುವುದಿಲ್ಲ, ಆದರೆ ಪ್ಯಾನಿಕ್ ಆಗಿ (ತಪ್ಪು ಕಂಡು ಪ್ರೋಗ್ರಾಂ ತಾನೇ ನಿಂತು) ಗೇಟ್‌ವೇ ಬೀಳುತ್ತದೆ. ಕೆಟ್ಟ ಫ್ರೇಮ್ ಒಂದರಿಂದ ನೂರಾರು ಮೀಟರ್‌ಗಳ ರೀಡಿಂಗ್ ನಿಲ್ಲುವುದೂ ದೋಷವೇ. ಆದ್ದರಿಂದ ಪಾರ್ಸರ್ (ಫ್ರೇಮ್ ಬಿಡಿಸುವ ಕೋಡ್) ಒಳಗೆ ಇಂಡೆಕ್ಸ್ ಬದಲು ಗೆಟ್, ಕಳೆಯುವಲ್ಲೆಲ್ಲ ಚೆಕ್ಡ್ ಸಬ್ ಬಳಸಿ, ಇವು ತಪ್ಪಿದಾಗ ಬೀಳದೆ ಬೆಲೆ ಇಲ್ಲ ಎಂದಷ್ಟೇ ಹೇಳುತ್ತವೆ. ರಿಲೀಸ್ ಬಿಲ್ಡ್‌ನಲ್ಲಿ ಪೂರ್ಣಾಂಕದ ಓವರ್‌ಫ್ಲೋ ಡೀಫಾಲ್ಟ್ ಆಗಿ ಸದ್ದಿಲ್ಲದೆ ಸುತ್ತಿಕೊಳ್ಳುತ್ತದೆ, ಡೀಬಗ್‌ನಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ಉದ್ದದಿಂದ 2 ಕಳೆಯುವ ಸಾಲೊಂದು ಟೆಸ್ಟ್‌ನಲ್ಲಿ ಒಂದು ರೀತಿ, ಫೀಲ್ಡ್‌ನಲ್ಲಿ ಇನ್ನೊಂದು ರೀತಿ ನಡೆಯುವುದು ಹೀಗೆ.

ಸಿ ಮತ್ತು ರಸ್ಟ್ ನಡುವಿನ ಗಡಿಯ ಫಂಕ್ಷನ್ ಒಂದೇ ಸಾಕು: ಇನ್‌ಪುಟ್ ಪಾಯಿಂಟರ್, ಅದರ ಉದ್ದ, ಫಲಿತಾಂಶ ಬರೆಯುವ ಸ್ಟ್ರಕ್ಟ್‌ನ ಪಾಯಿಂಟರ್, ವಾಪಸ್ ಬರುವುದು ಇಂಟ್. ಸ್ಟ್ರಕ್ಟ್‌ಗೆ ರೆಪ್ರ್ ಸಿ (ಸಿ ರೀತಿಯಲ್ಲೇ ಜೋಡಿಸು) ಎಂಬ ಗುರುತು ಹಾಕಲೇಬೇಕು, ಇಲ್ಲವಾದರೆ ಫೀಲ್ಡ್‌ಗಳ ಕ್ರಮ ಬದಲಿಸಲು ಕಂಪೈಲರ್‌ಗೆ ಸ್ವಾತಂತ್ರ್ಯ ಇರುತ್ತದೆ. ಒಳಗೆ ಬಂದ ಕೂಡಲೇ ನಲ್ ಪರೀಕ್ಷೆ ಮಾಡಿ. ಉದ್ದ 0 ಇದ್ದರೂ ನಲ್ ಪಾಯಿಂಟರ್‌ನಿಂದ ಸ್ಲೈಸ್ ಕಟ್ಟುವಂತಿಲ್ಲ, ಅದು ಅನ್‌ಡಿಫೈನ್ಡ್ ಬಿಹೇವಿಯರ್, ಅಂದರೆ ಏನು ಬೇಕಾದರೂ ಆಗಬಹುದು. ಸಿ ಕಡೆಯಿಂದ ಬರುವ ಫಲಿತಾಂಶದ ಸ್ಟ್ರಕ್ಟ್‌ನಲ್ಲಿ ಇನ್ನೂ ಬೆಲೆ ತುಂಬಿರುವುದಿಲ್ಲ, ಅದಕ್ಕೆ ರೆಫರೆನ್ಸ್ ಮಾಡಿಕೊಳ್ಳದೆ ಪಾಯಿಂಟರ್ ಮೂಲಕವೇ ಒಂದೇ ಸಲ ಬರೆಯಿರಿ. ಹೆಡರ್ ಫೈಲನ್ನು ರಸ್ಟ್ ಕೋಡ್ ಓದಿ ಸಿ ಹೆಡರ್ ಬರೆಯುವ ಸಿಬೈಂಡ್‌ಜೆನ್‌ನಿಂದ ಹುಟ್ಟಿಸಿ. ಕೈಯಲ್ಲಿ ಬರೆದ ಎರಡು ಪ್ರತಿಗಳು ಇವತ್ತಲ್ಲ ನಾಳೆ ಬೇರೆಯಾಗುತ್ತವೆ, ಲಿಂಕರ್ ಅದನ್ನು ಹಿಡಿಯುವುದಿಲ್ಲ.

ಹಳೆಯ ಸಿ ಪಾರ್ಸರನ್ನು ತಕ್ಷಣ ಅಳಿಸಬೇಡಿ. ಕಂಪೈಲ್ ಸ್ವಿಚ್ ಹಿಂದೆ ಇಟ್ಟು, ಫೀಲ್ಡ್‌ನಲ್ಲಿ ಹಿಡಿದಿಟ್ಟ ಫ್ರೇಮ್‌ಗಳನ್ನು ಎರಡಕ್ಕೂ ಕೊಟ್ಟು ಉತ್ತರ ಹೋಲಿಸಿ. ಸಿಆರ್‌ಸಿಗೆ (ಫ್ರೇಮ್ ಕೆಟ್ಟಿದೆಯೇ ಎಂದು ತೋರಿಸುವ ಚೆಕ್‌ಸಮ್) ತಿಳಿದಿರುವ ಪರೀಕ್ಷೆ ಇದೆ: 1ರಿಂದ 9ರವರೆಗಿನ ಅಂಕೆಗಳ ಆಸ್ಕಿ ಸಾಲಿಗೆ ಎಕ್ಸ್-25 ಸಿಆರ್‌ಸಿ ಹೆಕ್ಸ್ 906ಇ ಬರಬೇಕು. ನಂತರ ಯಾದೃಚ್ಛಿಕ ಇನ್‌ಪುಟ್ ಕೊಟ್ಟು ಪರೀಕ್ಷಿಸುವ ಕಾರ್ಗೋ ಫಜ್ ಓಡಿಸಿ. ಅದಕ್ಕೆ ನೈಟ್ಲಿ ಟೂಲ್‌ಚೈನ್ ಬೇಕು, ಡೆವಲಪರ್ ಯಂತ್ರದಲ್ಲಿ ಮಾತ್ರ ಇದ್ದರೆ ಸಾಕು. ಯೂನಿಟ್ ಟೆಸ್ಟ್‌ಗಳನ್ನು 32 ಬಿಟ್ ಟಾರ್ಗೆಟ್‌ನಲ್ಲೂ ಓಡಿಸಿ, ಉದ್ದ, ಇಂಡೆಕ್ಸ್ ಹಿಡಿಯುವ ಯೂಸೈಜ್ ಟೈಪ್‌ನ ಗಾತ್ರ ನಿಮ್ಮ ಬೋರ್ಡ್‌ನಲ್ಲಿ 4 ಬೈಟ್.

ಲಿಂಕರ್_ಜಯನಗರ:

ಮೇಕ್‌ಫೈಲ್ ಉಳಿಸ್ಕೊಳ್ಳಿ ಸರ್. ರಸ್ಟ್ ಭಾಗವನ್ನ ಸ್ಟ್ಯಾಟಿಕ್‌ಲಿಬ್ ಮಾಡಿ, ಒಂದು ಡಾಟ್ ಎ ಫೈಲ್ ಬರುತ್ತೆ, ಅದನ್ನ ಜಿಸಿಸಿಯಿಂದಲೇ ಕೊನೆಗೆ ಲಿಂಕ್ ಮಾಡಿ. ಮೇಕ್‌ನಲ್ಲಿ ಕಾರ್ಗೋ (ರಸ್ಟ್‌ನ ಬಿಲ್ಡ್ ಸಾಧನ) ಕರೆಯೋ ಟಾರ್ಗೆಟ್‌ನ ಫೋನಿ ಮಾಡಿ, ಅಂದ್ರೆ ಅದು ಪ್ರತಿ ಸಲವೂ ಓಡಲಿ. ಯಾವ ಫೈಲ್ ಬದಲಾಗಿದೆ ಅನ್ನೋದನ್ನ ಕಾರ್ಗೋನೇ ನೋಡ್ಕೊಳ್ಳಲಿ, ಅವಲಂಬನೆಗಳನ್ನ ಮೇಕ್‌ನಲ್ಲಿ ಮತ್ತೆ ಬರೆಯೋದು ವ್ಯರ್ಥ.

ನಾಳೆ ಎರಡನೇ ಮಾಡ್ಯೂಲ್ ರಸ್ಟ್‌ಗೆ ಬಂದಾಗ ಇನ್ನೊಂದು ಸ್ಟ್ಯಾಟಿಕ್‌ಲಿಬ್ ಮಾಡಬೇಡಿ. ಪ್ರತಿಯೊಂದರಲ್ಲೂ ಸ್ಟ್ಯಾಂಡರ್ಡ್ ಲೈಬ್ರರಿಯ ಪ್ರತಿ ಇರುತ್ತೆ, ಲಿಂಕ್ ಮಾಡೋವಾಗ ಡೂಪ್ಲಿಕೇಟ್ ಸಿಂಬಲ್ ಅಂತ ನಿಲ್ಲುತ್ತೆ. ಎಲ್ಲಾ ಮಾಡ್ಯೂಲನ್ನೂ ಸಾದಾ ಕ್ರೇಟ್ (ರಸ್ಟ್ ಪ್ಯಾಕೇಜ್) ಆಗಿ ಇಟ್ಟು, ಅವನ್ನ ಒಟ್ಟು ಸೇರಿಸೋ ಒಂದೇ ಒಂದು ಸ್ಟ್ಯಾಟಿಕ್‌ಲಿಬ್ ಕ್ರೇಟ್ ಇಡಿ. ಮೊದಲ ದಿನವೇ ಹೀಗೆ ಮಾಡಿದ್ರೆ ಆಮೇಲೆ ಕಷ್ಟ ಇಲ್ಲ.

ಇಂಟರ್‌ನೆಟ್ ಇಲ್ಲದ ಸರ್ವರ್‌ಗೆ: ಕಾರ್ಗೋ ವೆಂಡರ್ ಕಮಾಂಡ್ ಎಲ್ಲಾ ಕ್ರೇಟ್‌ಗಳ ಸೋರ್ಸನ್ನೂ ಒಂದು ಫೋಲ್ಡರ್‌ಗೆ ತರುತ್ತೆ. ಅದು ಕೊನೇಲಿ ತೋರಿಸೋ ಕೆಲವು ಸಾಲುಗಳನ್ನ ಕಾರ್ಗೋ ಕಾನ್ಫಿಗ್ ಫೈಲ್‌ಗೆ ಸೇರಿಸಿ. ಕಾರ್ಗೋ ಲಾಕ್ ಫೈಲನ್ನ ಗಿಟ್‌ಗೆ ಹಾಕಿ, ಬಿಲ್ಡನ್ನ ಲಾಕ್ಡ್ ಮತ್ತು ಆಫ್‌ಲೈನ್ ಆಯ್ಕೆಯಲ್ಲೇ ಓಡಿಸಿ. ಕಂಪೈಲರ್ ಆವೃತ್ತಿಯನ್ನ ರಸ್ಟ್-ಟೂಲ್‌ಚೈನ್ ಫೈಲ್‌ನಲ್ಲಿ ಕಟ್ಟಿಹಾಕಿ, ಅದೇ ಆವೃತ್ತಿಯ ಆಫ್‌ಲೈನ್ ಇನ್‌ಸ್ಟಾಲರ್ ಮತ್ತು ಆರ್ಮ್ ಟಾರ್ಗೆಟ್‌ನ ಸ್ಟ್ಯಾಂಡರ್ಡ್ ಲೈಬ್ರರಿ ಎರಡನ್ನೂ ಸರ್ವರ್‌ಗೆ ಒಯ್ಯಿರಿ. ಎರಡನೆಯದನ್ನ ಮರೆತರೆ ಕೋರ್ ಕ್ರೇಟ್ ಸಿಗಲಿಲ್ಲ ಅನ್ನೋ ಎರರ್ ಬರುತ್ತೆ.

ಟಾರ್ಗೆಟ್ ಆರಿಸೋ ಮೊದಲು ಬೋರ್ಡ್‌ನ ಸಿ ಲೈಬ್ರರಿ ಯಾವುದು ನೋಡಿ. ಜಿಲಿಬ್‌ಸಿ ಆದ್ರೆ ರಸ್ಟ್ 1.64ರಿಂದ ಕನಿಷ್ಠ 2.17 ಬೇಕು, ಕರ್ನಲ್ ಕನಿಷ್ಠ 3.2. ಮಸಲ್ ಆದ್ರೂ ಸಿದ್ಧ ಲೈಬ್ರರಿ ಸಿಗುತ್ತೆ. ಯುಸಿಲಿಬ್‌ಸಿ ಆಗಿದ್ರೆ ಅದು ಟಿಯರ್ 3: ಸಿದ್ಧ ಸ್ಟ್ಯಾಂಡರ್ಡ್ ಲೈಬ್ರರಿ ಇಲ್ಲ, ನೀವೇ ಕಟ್ಟಬೇಕು. ಹಾಗಿದ್ರೆ ಪಾರ್ಸರನ್ನ ನೋ-ಎಸ್‌ಟಿಡಿ (ಸ್ಟ್ಯಾಂಡರ್ಡ್ ಲೈಬ್ರರಿ ಇಲ್ಲದ) ಆಗಿ ಬರೆಯೋದು ಮೇಲು. ಫ್ರೇಮ್ ಬಿಡಿಸೋಕೆ ಹೀಪ್ ಬೇಕಾಗಲ್ಲ, ಫೈಲ್ ಬೇಕಾಗಲ್ಲ. ಹಾರ್ಡ್ ಫ್ಲೋಟಾ ಸಾಫ್ಟ್ ಫ್ಲೋಟಾ (ಫ್ಲೋಟ್ ಬೆಲೆಗಳು ಫ್ಲೋಟ್ ರಿಜಿಸ್ಟರ್‌ನಲ್ಲಿ ಹೋಗ್ತವಾ ಇಲ್ವಾ) ಅನ್ನೋದನ್ನೂ ರೀಡೆಲ್ಫ್‌ನಲ್ಲಿ ಖಚಿತ ಮಾಡ್ಕೊಳ್ಳಿ. ಹಾರ್ಡ್ ಫ್ಲೋಟ್‌ಗೆ ಹೆಸರಿನ ಕೊನೇಲಿ ಎಚ್‌ಎಫ್ ಇರೋ ಟಾರ್ಗೆಟ್. ತಪ್ಪಿದ್ರೆ ಲಿಂಕರ್ ವಿಎಫ್‌ಪಿ ಆರ್ಗ್ಯುಮೆಂಟ್ ಅಂತ ಗೊಣಗುತ್ತೆ.

ಗಾತ್ರದ ಬಗ್ಗೆ: ಡಾಟ್ ಎ ಫೈಲ್ ಎಂಬಿಗಟ್ಟಲೆ ಕಾಣುತ್ತೆ, ಹೆದರಬೇಡಿ, ಕೊನೆಯ ಬೈನರಿಗೆ ಬೇಕಾದ್ದಷ್ಟೇ ಸೇರುತ್ತೆ. ಸೈಜ್‌ಗೆ ಆಪ್ಟಿಮೈಸ್ ಮಾಡೋ ಜೆಡ್ ಮಟ್ಟ, ಎಲ್‌ಟಿಒ (ಲಿಂಕ್ ಸಮಯದ ಆಪ್ಟಿಮೈಸೇಶನ್), ಕೋಡ್‌ಜೆನ್ ಯೂನಿಟ್ 1, ಪ್ಯಾನಿಕ್ ಅಬಾರ್ಟ್ (ಪ್ಯಾನಿಕ್ ಆದ್ರೆ ಪ್ರಕ್ರಿಯೆ ತಕ್ಷಣ ನಿಲ್ಲೋದು), ಲಿಂಕರ್‌ಗೆ ಬಳಸದ ಕೋಡ್ ತೆಗೆಯೋ ಜಿಸಿ-ಸೆಕ್ಷನ್ಸ್, ಕೊನೆಗೆ ಡೀಬಗ್ ಮಾಹಿತಿ ತೆಗೆಯೋ ಸ್ಟ್ರಿಪ್. ಜಾಗ ತಿನ್ನೋದು ಹೆಚ್ಚಾಗಿ ಫಾರ್ಮ್ಯಾಟ್ ಮ್ಯಾಕ್ರೋಗಳು ಎಳೆದು ತರೋ ಕೋಡ್. ಎರರ್ ಸಂದೇಶದ ಸ್ಟ್ರಿಂಗ್ ಕಟ್ಟೋದು ಬಿಟ್ಟು ನಂಬರ್ ಕೊಡಿ, ಸಂದೇಶವನ್ನ ಸಿ ಕಡೆ ಬರೀರಿ. ಇಷ್ಟು ಮಾಡಿದ್ರೆ 2 ಎಂಬಿ ಸಾಕಷ್ಟಾಯ್ತು.

ಇನ್ನೊಂದು, 32 ಬಿಟ್‌ನವರಿಗೆ ಮಾತ್ರ ಕಾಡೋದು. ನಿಮ್ಮ ಸಿ ಕೋಡ್ 64 ಬಿಟ್ ಟೈಮ್ ಅಥವಾ 64 ಬಿಟ್ ಫೈಲ್ ಆಫ್‌ಸೆಟ್ ಆಯ್ಕೆಯಲ್ಲಿ ಕಂಪೈಲ್ ಆಗ್ತಿದ್ರೆ, ರಸ್ಟ್‌ನ ಲಿಬ್‌ಸಿ ಕ್ರೇಟ್ ಅದೇ ಟೈಪ್‌ನ 32 ಬಿಟ್ ಅಂದುಕೊಂಡಿರಬಹುದು. ಕಂಪೈಲ್ ಆಗುತ್ತೆ, ಲಿಂಕ್ ಆಗುತ್ತೆ, ಬೆಲೆಗಳು ಮಾತ್ರ ತಪ್ಪು. ಗಡಿಯಲ್ಲಿ ಟೈಮ್-ಟಿ, ಸ್ಟ್ಯಾಟ್, ಟೈಮ್‌ಸ್ಪೆಕ್ ಯಾವುದನ್ನೂ ದಾಟಿಸಬೇಡಿ, 64 ಬಿಟ್ ಪೂರ್ಣಾಂಕ ಕೊಡಿ. ಸಿ ಹೆಡರ್ ಓದಿ ರಸ್ಟ್ ಘೋಷಣೆ ಬರೆಯೋ ಬೈಂಡ್‌ಜೆನ್ ಬಳಸಿದ್ರೆ ಮೇಕ್‌ಫೈಲ್‌ನಲ್ಲಿರೋ ಡಿಫೈನ್‌ಗಳನ್ನೆಲ್ಲ ಅದಕ್ಕೂ ಕೊಡಿ.

ಪೀಣ್ಯ_ಗೇಟ್‌ವೇ:

ಇಬ್ಬರಿಗೂ ಧನ್ಯವಾದ. ಜಿಲಿಬ್‌ಸಿ 2.31, ಹಾರ್ಡ್ ಫ್ಲೋಟ್, ಹಾಗಾಗಿ ಆ ಕಡೆ ಅಡ್ಡಿ ಇಲ್ಲ. ಪಾರ್ಸರ್ ಆದಮೇಲೆ ಮೀಟರ್ ಸೆಷನ್ ನಿರ್ವಹಣೆಯನ್ನೂ ತರುವ ಯೋಚನೆ ಇದೆ. ಅಲ್ಲಿ ಸಿ ಕಡೆಯ ಕಾಲ್‌ಬ್ಯಾಕ್‌ಗಳಿವೆ, ಮೀಟರ್ ಸಂಖ್ಯೆಯಂಥ ಸ್ಟ್ರಿಂಗ್‌ಗಳಿವೆ, ಸ್ಟೇಟ್ ಹೇಳುವ ಈನಮ್ ಇದೆ. ಎಲ್ಲಿ ಎಡವುತ್ತಾರೆ?

ಪಾಯಿಂಟರ್_ಮಲ್ಲೇಶ್ವರ:

ಎಡವುವುದು ಹೆಚ್ಚಾಗಿ ಮೆಮೊರಿ ಯಾರದು ಅನ್ನುವಲ್ಲಿ. ರಸ್ಟ್ ಕೊಟ್ಟ ಪಾಯಿಂಟರನ್ನು ಸಿಯ ಫ್ರೀಗೆ ಕೊಡುವಂತಿಲ್ಲ, ಸಿಯಲ್ಲಿ ಮ್ಯಾಲಕ್ ಮಾಡಿದ್ದನ್ನು ರಸ್ಟ್‌ನ ಬಾಕ್ಸ್‌ಗೆ (ಹೀಪ್ ಮೆಮೊರಿಯ ಒಡೆತನ ಹೊತ್ತ ಟೈಪ್) ಹಾಕುವಂತಿಲ್ಲ. ಲಿನಕ್ಸ್‌ನಲ್ಲಿ ಒಳಗಿನ ಅಲೊಕೇಟರ್ ಒಂದೇ ಆಗಿರುವುದರಿಂದ ಇದು ಹಲವು ಸಲ ನಡೆದುಬಿಡುತ್ತದೆ, ಅದೇ ಅಪಾಯ. ಸೆಷನ್‌ಗೆ ಒಳಭಾಗ ಕಾಣದ ಹ್ಯಾಂಡಲ್ ಮಾಡಿ: ಸೃಷ್ಟಿಸುವ ಫಂಕ್ಷನ್ ಇಂಟು ರಾ ಬಳಸಿ ಬಾಕ್ಸನ್ನು ಪಾಯಿಂಟರ್ ಮಾಡಿ ಕೊಡಲಿ, ಮುಗಿಸುವ ಫಂಕ್ಷನ್ ಫ್ರಮ್ ರಾ ಬಳಸಿ ಅದನ್ನು ಮತ್ತೆ ಬಾಕ್ಸ್ ಮಾಡಿ ಬಿಡುಗಡೆ ಮಾಡಲಿ. ಮುಗಿಸುವ ಫಂಕ್ಷನ್‌ಗೆ ಪಾಯಿಂಟರ್‌ನ ವಿಳಾಸವನ್ನೇ ಕೊಟ್ಟು, ಒಳಗೆ ಅದನ್ನು ನಲ್ ಮಾಡಿದರೆ ಅದೇ ವೇರಿಯಬಲ್‌ನಿಂದ ಎರಡು ಬಾರಿ ಬಿಡುಗಡೆ ಮಾಡುವ ತಪ್ಪು ತಪ್ಪುತ್ತದೆ.

ಸ್ಟ್ರಿಂಗ್: ಸಿಸ್ಟ್ರಿಂಗ್ (ಸಿಗೆ ಕೊಡುವ ರಸ್ಟ್ ಸ್ಟ್ರಿಂಗ್) ಕಟ್ಟಿ ಅದೇ ಸಾಲಿನಲ್ಲಿ ಪಾಯಿಂಟರ್ ಕೊಡುವ ಆ್ಯಸ್ ಪಿಟಿಆರ್ ಕರೆದರೆ, ಸಾಲು ಮುಗಿಯುವಷ್ಟರಲ್ಲಿ ಸ್ಟ್ರಿಂಗ್ ಬಿಡುಗಡೆಯಾಗಿ ಕೈಯಲ್ಲಿ ಸತ್ತ ಪಾಯಿಂಟರ್ ಉಳಿಯುತ್ತದೆ. ವೇರಿಯಬಲ್‌ನಲ್ಲಿ ಹಿಡಿದಿಡಿ. ಇನ್ನೂ ಒಳ್ಳೆಯದು, ಬಫರ್ ಮತ್ತು ಅದರ ಗಾತ್ರ ಎರಡನ್ನೂ ಸಿ ಕಡೆಯಿಂದಲೇ ತೆಗೆದುಕೊಂಡು ಅದರಲ್ಲಿ ಬರೆಯಿರಿ. ಇನ್ನು ಕ್ಯಾರ್ ಟೈಪ್ ಎಕ್ಸ್86 ಲಿನಕ್ಸ್‌ನಲ್ಲಿ ಸೈನ್ಡ್, ಆರ್ಮ್ ಲಿನಕ್ಸ್‌ನಲ್ಲಿ ಅನ್‌ಸೈನ್ಡ್. ಲ್ಯಾಪ್‌ಟಾಪ್‌ನಲ್ಲಿ ಐ8 (8 ಬಿಟ್ ಸೈನ್ಡ್) ಎಂದು ಬರೆದು ಪಾಸಾದ ಕೋಡ್ ಬೋರ್ಡ್‌ಗೆ ಕಂಪೈಲ್ ಆಗುವುದಿಲ್ಲ. ಯಾವಾಗಲೂ ಸಿ-ಕ್ಯಾರ್ ಎಂದೇ ಬರೆಯಿರಿ.

ಈನಮ್ ಅನ್ನು ನೇರವಾಗಿ ರಸ್ಟ್ ಈನಮ್ ಆಗಿ ಸ್ವೀಕರಿಸಬೇಡಿ. ಪಟ್ಟಿಯಲ್ಲಿಲ್ಲದ ಒಂದು ಬೆಲೆ ಬಂದರೂ ಅದು ಅನ್‌ಡಿಫೈನ್ಡ್ ಬಿಹೇವಿಯರ್, ಮ್ಯಾಚ್ ಬರೆದರೂ ಕಾಪಾಡದು. ಪೂರ್ಣಾಂಕವಾಗಿ ತೆಗೆದುಕೊಂಡು ಪರೀಕ್ಷಿಸಿ ಪರಿವರ್ತಿಸಿ.

ಕಾಲ್‌ಬ್ಯಾಕ್ ಅತಿ ಸೂಕ್ಷ್ಮ. ರಸ್ಟ್ ಫಂಕ್ಷನ್ ಸೆಷನ್‌ಗೆ ಮ್ಯೂಟಬಲ್ ರೆಫರೆನ್ಸ್ ಹಿಡಿದು ಸಿ ಕಾಲ್‌ಬ್ಯಾಕ್ ಕರೆಯುತ್ತದೆ, ಆ ಕಾಲ್‌ಬ್ಯಾಕ್ ಅದೇ ಹ್ಯಾಂಡಲ್ ಹಿಡಿದು ಮತ್ತೆ ರಸ್ಟ್ ಒಳಗೆ ಬರುತ್ತದೆ. ಈಗ ಒಂದೇ ವಸ್ತುವಿಗೆ ಎರಡು ಮ್ಯೂಟಬಲ್ ರೆಫರೆನ್ಸ್. ಥ್ರೆಡ್ ಒಂದೇ ಇದ್ದರೂ ಇದು ನಿಯಮಭಂಗ, ಆಪ್ಟಿಮೈಸರ್ ಹಳೆಯ ಬೆಲೆಯನ್ನೇ ಬಳಸಬಹುದು. ಪರಿಹಾರ: ರಸ್ಟ್ ಒಳಗಿಂದ ಕಾಲ್‌ಬ್ಯಾಕ್ ಕರೆಯಬೇಡಿ, ನಡೆದ ಘಟನೆಗಳನ್ನು ಕ್ಯೂನಲ್ಲಿ ಹಾಕಿ, ಸಿ ಕಡೆಯ ಮುಖ್ಯ ಲೂಪ್ ಬಂದು ತೆಗೆದುಕೊಂಡು ಹೋಗಲಿ. ಸಿ ಕೋಡ್‌ನಲ್ಲಿ ಲಾಂಗ್‌ಜಂಪ್ (ನಡುವಿನ ಫಂಕ್ಷನ್‌ಗಳನ್ನು ಹಾರಿ ಹಿಂದಿರುಗುವುದು) ಇದ್ದರೆ ಅದು ರಸ್ಟ್ ಫಂಕ್ಷನ್‌ಗಳ ಸ್ಟ್ಯಾಕ್ ಫ್ರೇಮ್‌ಗಳನ್ನು ಹಾರದಂತೆ ನೋಡಿಕೊಳ್ಳಿ, ಡ್ರಾಪ್ (ಬಿಡುಗಡೆ) ಆಗಬೇಕಾದವು ಆಗದೆ ಉಳಿಯುತ್ತವೆ.

ಪ್ಯಾನಿಕ್ ಸಿಯೊಳಗೆ ಹರಿಯಬಾರದು. ರಸ್ಟ್ 1.81ರಿಂದ ಎಕ್ಸ್‌ಟರ್ನ್ ಸಿ ಫಂಕ್ಷನ್ ದಾಟಲು ಹೊರಟ ಪ್ಯಾನಿಕ್ ಪ್ರಕ್ರಿಯೆಯನ್ನೇ ನಿಲ್ಲಿಸುತ್ತದೆ, ಅದಕ್ಕಿಂತ ಹಳೆಯದನ್ನು ಬಳಸಬೇಡಿ. ಮೇಲೆ ಹೇಳಿದ ಪ್ಯಾನಿಕ್ ಅಬಾರ್ಟ್ ಆಯ್ಕೆಯಲ್ಲಿ ಪ್ಯಾನಿಕ್ ಹಿಡಿದು ಮುಂದುವರಿಸುವ ಕ್ಯಾಚ್ ಅನ್‌ವೈಂಡ್ ಕೆಲಸ ಮಾಡುವುದಿಲ್ಲ ಎಂಬುದೂ ನೆನಪಿರಲಿ. ಎರಡರಲ್ಲಿ ಒಂದನ್ನು ಈಗಲೇ ತೀರ್ಮಾನಿಸಿ. ನಿಂತರೆ ಮತ್ತೆ ಶುರು ಮಾಡುವ ವಾಚ್‌ಡಾಗ್ ಇರುವ ಗೇಟ್‌ವೇಗೆ ಅಬಾರ್ಟ್ ಸರಿ.

ಮೇಂಟೇನರ್_ಯಲಹಂಕ:

ತಾಂತ್ರಿಕ ಉತ್ತರಗಳೆಲ್ಲ ಸರಿಯಾಗಿವೆ, ಆದರೆ ನೋಡಿಕೊಳ್ಳುವವರು ಯಾರು ಅನ್ನುವುದು ಅಷ್ಟೇ ದೊಡ್ಡ ಪ್ರಶ್ನೆ. ಜಾಲದಿಂದ ಡೇಟಾ ತರುವ ಸಿ ಸಾಧನವಾದ ಕರ್ಲ್ ಯೋಜನೆ ರಸ್ಟ್‌ನ ಹೈಪರ್ ಲೈಬ್ರರಿಯನ್ನು ಎಚ್‌ಟಿಟಿಪಿಗೆ ಸೇರಿಸುವ ಕೆಲಸವನ್ನು 2020ರಲ್ಲಿ ಶುರು ಮಾಡಿ, 2024ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಪರೀಕ್ಷೆಗಳಲ್ಲಿ ಬಹುಪಾಲು ಪಾಸಾಗುತ್ತಿದ್ದವು, ಆದರೆ ಬೇಡಿಕೆ ಇರಲಿಲ್ಲ, ಸಿ ಮತ್ತು ರಸ್ಟ್ ಎರಡನ್ನೂ ಬಲ್ಲವರು ಮುಂದೆ ಬರಲಿಲ್ಲ. ಎಸ್‌ವಿಜಿ ಚಿತ್ರ ಬಿಡಿಸುವ ಲಿಬ್‌ಆರ್‌ಎಸ್‌ವಿಜಿ ಲೈಬ್ರರಿ 2016ರಲ್ಲಿ ಶುರು ಮಾಡಿ ಪೂರ್ತಿ ದಾಟಿತು: ನಿರ್ವಾಹಕರೇ ಮುಂದೆ ನಿಂತರು, ಹೊರಗಿನ ಸಿ ಎಪಿಐ ಬದಲಿಸದೆ ಒಂದೊಂದೇ ಭಾಗ ಬದಲಿಸಿದರು. ಈಗ ಆ ಪಾರ್ಸರ್ ಫೈಲ್ ಯಾರ ಹೆಸರಲ್ಲಿದೆಯೋ ಅವರೇ ರಸ್ಟ್ ಕಲಿತು ಬರೆಯಬೇಕು. ಹೊರಗಿನಿಂದ ಒಬ್ಬರನ್ನು ತಂದು ಬರೆಸಿದರೆ, ಅವರು ಹೋದ ದಿನ ಫೈಲ್ ಅನಾಥ. ಕನಿಷ್ಠ ಇಬ್ಬರು ರಿವ್ಯೂ ಮಾಡಬಲ್ಲವರಾಗುವ ತನಕ ಎರಡನೇ ಮಾಡ್ಯೂಲ್‌ಗೆ ಕೈ ಹಾಕಬೇಡಿ.

ಸಿಯಲ್ಲೇ ಉಳಿಯುವ ಭಾಗಕ್ಕೆ ಇವತ್ತೇ ಅಡ್ರೆಸ್ ಸ್ಯಾನಿಟೈಜರ್ (ಓಡುವಾಗ ಮೆಮೊರಿ ತಪ್ಪು ಹಿಡಿಯುವ ಕಂಪೈಲರ್ ಆಯ್ಕೆ) ಬಿಲ್ಡ್ ಮಾಡಿ. ಜಿಸಿಸಿ 12 ಅಥವಾ ಮುಂದಿನದಾದರೆ ಬಫರ್ ಗಾತ್ರ ಪರೀಕ್ಷಿಸುವ ಫೋರ್ಟಿಫೈ ಸೋರ್ಸ್ ಮಟ್ಟ 3 ಪ್ರಯತ್ನಿಸಿ, ಅದಕ್ಕೆ ಜಿಲಿಬ್‌ಸಿ 2.34 ಬೇಕು, ನಿಮ್ಮದರಲ್ಲಿ ಮಟ್ಟ 2 ಸಿಗುತ್ತದೆ.

ಪೀಣ್ಯ_ಗೇಟ್‌ವೇ:

ಪಾರ್ಸರ್ ಬರೆದವರೇ ಕಲಿಯಲು ಒಪ್ಪಿದ್ದಾರೆ. ಕೊನೆಯದಾಗಿ, ಬೋರ್ಡ್‌ನಲ್ಲಿ ಡೀಬಗ್ ಹೇಗೆ? ಜಿಡಿಬಿ, ವ್ಯಾಲ್‌ಗ್ರೈಂಡ್ ಬಿಟ್ಟರೆ ಬೇರೆ ಸಾಧನ ನಮ್ಮಲ್ಲಿಲ್ಲ.

ಲಿಂಕರ್_ಜಯನಗರ:

ಎರಡೂ ಸಾಕು. ರಸ್ಟ್ ಡೀಫಾಲ್ಟ್ ಆಗಿ ಸಿಸ್ಟಮ್ ಅಲೊಕೇಟರನ್ನೇ ಬಳಸೋದ್ರಿಂದ ಎರಡೂ ಕಡೆಯ ಅಲೊಕೇಶನ್ ವ್ಯಾಲ್‌ಗ್ರೈಂಡ್‌ಗೆ ಕಾಣುತ್ತೆ. ರಸ್ಟ್‌ನಲ್ಲಿ ಅನ್‌ಡಿಫೈನ್ಡ್ ಬಿಹೇವಿಯರ್ ಹುಡುಕೋ ‘ಮೀರಿ’ ಅನ್ನೋ ಸಾಧನ ಸಿ ಕೋಡ್ ಒಳಗೆ ಹೋಗಲ್ಲ, ಹಾಗಾಗಿ ಅದನ್ನ ಪಾರ್ಸರ್ ಕ್ರೇಟ್‌ನ ಟೆಸ್ಟ್‌ಗಳಿಗೆ ಮಾತ್ರ ಇಟ್ಕೊಳ್ಳಿ. ರಿಲೀಸ್ ಪ್ರೊಫೈಲ್‌ನಲ್ಲಿ ಡೀಬಗ್ ಮಾಹಿತಿ ಹುಟ್ಟಿಸಿ, ಸ್ಟ್ರಿಪ್ ಮಾಡದ ಬೈನರಿಯನ್ನ ಪ್ರತಿ ರಿಲೀಸ್‌ಗೂ ಬಿಲ್ಡ್ ಸರ್ವರ್‌ನಲ್ಲಿ ಎತ್ತಿಡಿ, ಬೋರ್ಡ್‌ಗೆ ಸ್ಟ್ರಿಪ್ ಮಾಡಿದ್ದು ಹೋಗಲಿ. ಕೋರ್ ಡಂಪ್ ಬಂದಾಗ ಎತ್ತಿಟ್ಟದ್ದರ ಜೊತೆ ಜಿಡಿಬಿಯಲ್ಲಿ ತೆರೆದರೆ ಸಾಲಿನ ಸಂಖ್ಯೆ ಸಮೇತ ಸಿಗುತ್ತೆ.