ಕೊಲೆ, ವಧೆ, ಹತ್ಯೆ: ಎರಡು ಸಾವಿಗೂ ಸಲ್ಲುವ ಒಂದು ಪದ ಬೇಕು

ಬಳಗದವರಿಗೆ ನಮಸ್ಕಾರ.

ಪೋಲೆಂಡಿನ ಕ್ರಿಸ್ತೋಫ್ ಕಿಶ್ಲೋವ್ಸ್ಕಿ 1988ರಲ್ಲಿ ಮಾಡಿದ ‘ಎ ಶಾರ್ಟ್ ಫಿಲ್ಮ್ ಅಬೌಟ್ ಕಿಲ್ಲಿಂಗ್’ ಸಿನಿಮಾಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇವೆ. ಮಾತುಗಳು ಕಡಿಮೆ, ಕೆಲಸ ಸಲೀಸಾಗಿ ಸಾಗಿದೆ. ಸಿನಿಮಾದ ಹೆಸರಿಗೆ ಬಂದಾಗ ಗಾಡಿ ನಿಂತಿತು.

ವಾರ್ಸಾದ ಬೀದಿಗಳಲ್ಲಿ ಸುಮ್ಮನೆ ಅಲೆಯುವ ಯಾಟ್ಸೆಕ್ ಎಂಬ ಹುಡುಗ ಟ್ಯಾಕ್ಸಿಯವನ ಕುತ್ತಿಗೆಗೆ ಹಗ್ಗ ಬಿಗಿದು, ಆಮೇಲೆ ಕಲ್ಲಿನಿಂದ ಜಜ್ಜಿ ಸಾಯಿಸುತ್ತಾನೆ. ಬೇಗ ಮುಗಿಯುವುದೂ ಇಲ್ಲ, ನೋಡಲಾಗುವುದೂ ಇಲ್ಲ. ಮುಂದೆ ಸರ್ಕಾರ ಅವನನ್ನು ನೇಣಿಗೆ ಹಾಕುತ್ತದೆ. ನೇಣು ಹಾಕುವವನು ಮೊದಲೇ ಬಂದು ಹಗ್ಗದ ರಾಟೆ ತಿರುಗಿಸುತ್ತಾನೆ, ಕಾಲಡಿಯ ಬಾಗಿಲು ಸರಿಯಾಗಿ ಬೀಳುತ್ತದೆಯೇ ನೋಡುತ್ತಾನೆ, ಅದರ ಕೆಳಗೊಂದು ತಟ್ಟೆ ಇಡುತ್ತಾನೆ. ತಟ್ಟೆ ಯಾತಕ್ಕೆಂದು ಯಾರೂ ಹೇಳುವುದಿಲ್ಲ.

ಪೋಲಿಶ್ ಹೆಸರಿನಲ್ಲಿರುವುದು ‘ಜಬಿಯಾನಿಯೆ’, ಬರೀ ‘ಕೊಲ್ಲುವುದು’. ಅಪರಾಧವಾದ ಕೊಲೆಗೆ ಅವರಲ್ಲಿ ಬೇರೆ ಪದವಿದೆ, ಮರಣದಂಡನೆಗೂ ಬೇರೆ. ಎರಡನ್ನೂ ಬಿಟ್ಟು ಇದನ್ನು ಆರಿಸಿದ್ದಾರೆ. ಬೈಬಲ್ಲಿನ ಹತ್ತು ಆಜ್ಞೆಗಳಲ್ಲಿ ‘ಕೊಲ್ಲಬೇಡ’ ಎನ್ನುವುದರಲ್ಲಿ (ಕ್ಯಾಥೊಲಿಕ್ ಎಣಿಕೆಯಲ್ಲಿ ಅದು ಐದನೆಯದು), ಪೋಲಿಶ್‌ನಲ್ಲಿ, ಇರುವುದೂ ಇದೇ ಕ್ರಿಯಾಪದ.

ನಮ್ಮಲ್ಲಿ? ‘ಕೊಲೆ’ ಎಂದೊಡನೆ ಪೊಲೀಸ್ ಠಾಣೆ ಕಣ್ಣ ಮುಂದೆ ಬರುತ್ತದೆ. ಸರ್ಕಾರದ್ದನ್ನು ಹಾಗೆಂದರೆ ಅದು ಘೋಷಣೆ. ‘ವಧೆ’ಗೆ ಕೀಚಕ, ಬಕಾಸುರರ ನೆನಪು ಅಂಟಿದೆ: ಸತ್ತವನು ಸಾಯಬೇಕಾದವನೇ. (ಅಭಿಮನ್ಯು ವಧೆ ಎನ್ನುವುದಿಲ್ಲವೇ ಎಂದು ಯಾರಾದರೂ ಕೇಳುತ್ತೀರಿ, ಗೊತ್ತು.) ‘ಹತ್ಯೆ’ಗೆ ಒಂದೋ ಪಾಪದ ಬಣ್ಣ, ಇಲ್ಲವೇ ರಾಜಕೀಯದ್ದು. ‘ಕೊಲ್ಲುವಿಕೆ’ ಅರ್ಥಕ್ಕೆ ಸರಿ, ಆದರೆ ಪಠ್ಯಪುಸ್ತಕದ ವಾಸನೆ. ನನ್ನ ಮನಸ್ಸು ಬಸವಣ್ಣನವರ ‘ಕಳಬೇಡ ಕೊಲಬೇಡ’ದ ಕಡೆಗೇ ವಾಲುತ್ತದೆ. ಕೊಲ್ಲುವವನು ಕಳ್ಳನೋ ದೊರೆಯೋ ಎಂದು ಆ ಕ್ರಿಯಾಪದ ಕೇಳುವುದಿಲ್ಲ.

ಹೆಸರಷ್ಟೇ ಅಲ್ಲ, ಸಬ್‌ಟೈಟಲಿನ ಒಳಗೂ ಇದೇ ತೊಡಕು. ನಮ್ಮ ಪತ್ರಿಕೆಗಳಲ್ಲಿ ಅಪರಾಧಿ ‘ಕೊಂದ’, ಸರ್ಕಾರದ ಸರದಿ ಬಂದಾಗ ‘ಗಲ್ಲಿಗೇರಿಸಲಾಯಿತು’. ಯಾರು ಏರಿಸಿದರು ಎಂಬುದು ವಾಕ್ಯದಲ್ಲೇ ಮಾಯ! ಈ ‘ಲಾಯಿತು’ ನಮ್ಮ ಸಬ್‌ಟೈಟಲಿನಲ್ಲಿ ಬೇಡವೆಂದು ನಾನು ಹಠ ಹಿಡಿದಿದ್ದೇನೆ. ಒಂದು ಅನುಕೂಲ ಮಾತ್ರ ಕನ್ನಡಕ್ಕೇ ಒದಗಿದೆ: ‘ನೇಣು’ ಎಂದರೆ ಮೊದಲಿಗೆ ಹಗ್ಗವೇ. ಹುಡುಗ ಹೋಟೆಲಿನಲ್ಲಿ ಕೂತು ಕೈಗೆ ಸುತ್ತಿಕೊಳ್ಳುವ ಹಗ್ಗಕ್ಕೂ ಜೈಲಿನದಕ್ಕೂ ಒಂದೇ ಪದ ಬಳಸಬಹುದೇ? ಇಂದಿನ ಓದುಗರಿಗೆ ಮೊದಲನೆಯದು ಆತ್ಮಹತ್ಯೆಯ ಸೂಚನೆಯಂತೆ ಕಂಡೀತೆಂಬ ಅಳುಕಿದೆ.

ಬೆಳಗಾವಿ, ಧಾರವಾಡ ಕಡೆಯವರಿಗೆ ಇನ್ನೊಂದು ಪ್ರಶ್ನೆ. ನಿಮ್ಮಲ್ಲಿ ಗಲ್ಲಿಗೆ ‘ಫಾಸಿ’ ಎನ್ನುವುದು ಈಗಲೂ ಮಾತಿನಲ್ಲಿದೆಯೇ, ಅಜ್ಜ-ಅಜ್ಜಿಯರ ಕಾಲಕ್ಕೇ ನಿಂತಿತೇ? ‘ಫಾಸಿಗೆ ಹಾಕಿದ್ರು’ ಎನ್ನುತ್ತೀರೋ, ‘ಫಾಸಿ ಕೊಟ್ರು’ ಎನ್ನುತ್ತೀರೋ? ಯಾಟ್ಸೆಕ್ ಹಳ್ಳಿಯಿಂದ ಬಂದವನು. ಕೊನೆಗೆ ವಕೀಲನೆದುರು ಮನಸ್ಸು ಬಿಚ್ಚುವಾಗ ಅವನ ಬಾಯಲ್ಲಿ ‘ಮರಣದಂಡನೆ’ ಹೊರಡುವುದಿಲ್ಲ.