ಹಳೇ ಬುಲೆಟ್ 350: ಸ್ಲೋ ನಿಲ್ಲುತ್ತಿಲ್ಲ, ಏರ್ ಸ್ಕ್ರೂ ತಿರುಗಿಸಿದರೂ ಏನೂ ಬದಲಾಗುತ್ತಿಲ್ಲ

ಸಕಲೇಶಪುರ_350

ಎಲ್ಲರಿಗೂ ನಮಸ್ಕಾರ. ಚಿಕ್ಕಪ್ಪ ಓಡಿಸುತ್ತಿದ್ದ 1994ರ ಬುಲೆಟ್ ಈಗ ನನ್ನ ಕೈಗೆ ಬಂದಿದೆ. ಕಾಸ್ಟ್ ಐರನ್ ಎಂಜಿನ್, ಬಲಗಡೆ ಗೇರು, ಸ್ಪಾರ್ಕ್‌ಗೆ ಪಾಯಿಂಟ್ (ತೆರೆದು ಮುಚ್ಚುವ ಸಣ್ಣ ಸ್ವಿಚ್) ಇರುವುದು, ಕಾರ್ಬೊರೇಟರ್ ಮಿಕ್‌ಕಾರ್ಬ್ ವಿಎಂ24. ಬೆಳಿಗ್ಗೆ ಚೋಕ್ ಹಾಕಿ ಕಿಕ್ ಹೊಡೆದರೆ ಸ್ಟಾರ್ಟ್ ಆಗುತ್ತದೆ, ಚೋಕ್ ತೆಗೆದ ತಕ್ಷಣ ಆಫ್. ತುಂಬಾ ಹೊತ್ತು ಚೋಕ್‌ನಲ್ಲೇ ಇಡಬೇಕು. ಓಡುವಾಗ ಏನೂ ತೊಂದರೆ ಇಲ್ಲ, ಎಳೆತ ಚೆನ್ನಾಗಿದೆ. ನಿಲ್ಲಿಸಿದರೆ ಮಾತ್ರ ಸ್ಲೋ, ಅಂದರೆ ಆಕ್ಸಿಲರೇಟರ್ ಬಿಟ್ಟಾಗಿನ ನಿಧಾನ ಬಡಿತ, ನಿಲ್ಲುವುದಿಲ್ಲ, ಎಂಜಿನ್ ಆಫ್ ಆಗುತ್ತದೆ. ಶಿರಾಡಿ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್ ಪಟ್ ಪಟ್ ಅಂತ ಹೊಡೆಯುತ್ತದೆ.

ಮೆಕ್ಯಾನಿಕ್ ಹತ್ತಿರ ಹೋದರೆ ಸ್ಲೋ ಸ್ಕ್ರೂ ಟೈಟ್ ಮಾಡಿ ಕಳಿಸಿದರು. ಈಗ ಆಫ್ ಆಗುವುದಿಲ್ಲ, ಆದರೆ ಸಿಗ್ನಲ್‌ನಲ್ಲಿ ಕ್ಲಚ್ ಹಿಡಿದರೆ ಎಂಜಿನ್ ರೇಸ್ ಆಗಿಯೇ ಇರುತ್ತದೆ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಪಕ್ಕದ ಸಣ್ಣ ಸ್ಕ್ರೂ ಎರಡೂ ಕಡೆ ತಿರುಗಿಸಿ ನೋಡಿದೆ, ಒಂದಿಷ್ಟೂ ವ್ಯತ್ಯಾಸ ಇಲ್ಲ. ಯೂಟ್ಯೂಬ್‌ನಲ್ಲಿ ಒಬ್ಬರು ಅದನ್ನು ಬಿಚ್ಚಿದರೆ ಪೆಟ್ರೋಲ್ ಜಾಸ್ತಿ ಅಂತಾರೆ, ಇನ್ನೊಬ್ಬರು ಟೈಟ್ ಮಾಡಿದರೆ ಜಾಸ್ತಿ ಅಂತಾರೆ. ಯಾವುದು ಸರಿ?

ಟ್ಯಾಪೆಟ್_ತಾತ

ಇಬ್ಬರೂ ಸರಿ, ಬೇರೆ ಬೇರೆ ಕಾರ್ಬೊರೇಟರ್ ಬಗ್ಗೆ ಹೇಳುತ್ತಿದ್ದಾರೆ ಅಷ್ಟೇ. ಸ್ಕ್ರೂ ಎಲ್ಲಿದೆ ಅಂತ ನೋಡಿ. ಸ್ಲೈಡ್‌ಗಿಂತ (ಆಕ್ಸಿಲರೇಟರ್ ತಿರುಗಿಸಿದಾಗ ಕಾರ್ಬೊರೇಟರ್ ಒಳಗೆ ಮೇಲೇಳುವ ಭಾಗ) ಹಿಂದೆ, ಏರ್ ಫಿಲ್ಟರ್ ಕಡೆ ಇದ್ದರೆ ಅದು ಏರ್ ಸ್ಕ್ರೂ. ಒಳಗೆ ಹೋಗುವ ಗಾಳಿಯನ್ನು ಹಿಡಿಯುತ್ತದೆ. ಹಾಗಾಗಿ ಟೈಟ್ ಮಾಡಿದರೆ ಗಾಳಿ ಕಮ್ಮಿ, ಮಿಕ್ಸ್ಚರ್ ರಿಚ್, ಅಂದರೆ ಪೆಟ್ರೋಲ್ ಜಾಸ್ತಿ. ಬಿಚ್ಚಿದರೆ ಲೀನ್, ಪೆಟ್ರೋಲ್ ಕಮ್ಮಿ. ನಿಮ್ಮ ವಿಎಂ24ರಲ್ಲಿ ಇರುವುದು ಇದೇ. ಎಂಜಿನ್ ಕಡೆ ಇದ್ದರೆ ಅದು ಫ್ಯೂಯೆಲ್ ಸ್ಕ್ರೂ, ಗಾಳಿ ಜೊತೆ ಆಗಲೇ ಬೆರೆತ ಪೆಟ್ರೋಲನ್ನು ಹಿಡಿಯುತ್ತದೆ, ಅದು ಪೂರ್ತಿ ಉಲ್ಟಾ, ಬಿಚ್ಚಿದಷ್ಟೂ ರಿಚ್. ಪಲ್ಸರ್ ವಿಡಿಯೋ ನೋಡಿಕೊಂಡು ಹಳೇ ಬುಲೆಟ್ ಟ್ಯೂನ್ ಮಾಡಲು ಹೋದರೆ ತಲೆ ಕೆಡುತ್ತದೆ.

ನೀವು ಹೇಳಿದ್ದೆಲ್ಲ ಲೀನ್ ಲಕ್ಷಣ. ಚೋಕ್ ಬಿಟ್ಟು ಇರಲಾರದು, ಇಳಿಜಾರಿನಲ್ಲಿ ಸೈಲೆನ್ಸರ್ ಹೊಡೆಯುವುದು, ರೇಸ್ ನಿಧಾನಕ್ಕೆ ಇಳಿಯುವುದು. ರಿಚ್ ಆಗಿದ್ದರೆ ಆಕ್ಸಿಲರೇಟರ್ ಬಿಟ್ಟಾಗ ಸ್ಲೋ ಧಡಕ್ಕನೆ ಕೆಳಗೆ ಬಿದ್ದು ಮುಗ್ಗರಿಸುತ್ತಿತ್ತು, ಪ್ಲಗ್ ಮಸಿ ಹಿಡಿಯುತ್ತಿತ್ತು, ಹಿಂದೆ ನಿಂತವರ ಕಣ್ಣು ಉರಿಯುತ್ತಿತ್ತು.

ಮೊದಲು ಮೆಕ್ಯಾನಿಕ್ ಟೈಟ್ ಮಾಡಿದ ಸ್ಲೋ ಸ್ಕ್ರೂ ವಾಪಸ್ ಸಡಿಲ ಮಾಡಿ. ಆ ದಪ್ಪ ಸ್ಕ್ರೂ ಸ್ಲೈಡನ್ನು ಎತ್ತಿ ಹಿಡಿಯುತ್ತದೆ. ಜಾಸ್ತಿ ಎತ್ತಿದರೆ ಎಂಜಿನ್ ಪೈಲಟ್ ಜೆಟ್ (ಸ್ಲೋಗೆ ಪೆಟ್ರೋಲ್ ಕೊಡುವ ಸಣ್ಣ ತೂತು) ಬಿಟ್ಟು, ಓಡುವಾಗ ಕೊಡುವ ನೀಡಲ್ ಜೆಟ್‌ನಿಂದಲೂ ಪೆಟ್ರೋಲ್ ಕುಡಿಯಲು ಶುರು ಮಾಡುತ್ತದೆ. ಆಗ ಏರ್ ಸ್ಕ್ರೂ ಎಷ್ಟು ತಿರುಗಿಸಿದರೂ ಅಷ್ಟಕ್ಕಷ್ಟೇ.

ಆಮೇಲೆ ಹೀಗೆ ಮಾಡಿ. ಗಾಡಿಯನ್ನು ಹತ್ತು ಹದಿನೈದು ನಿಮಿಷ ರಸ್ತೆಯಲ್ಲಿ ಓಡಿಸಿ ತನ್ನಿ, ನಿಂತಲ್ಲೇ ರೇಸ್ ಕೊಟ್ಟು ಬಿಸಿ ಮಾಡಬೇಡಿ. ಎಂಜಿನ್ ಆಫ್ ಮಾಡಿ ಏರ್ ಸ್ಕ್ರೂವನ್ನು ಎರಡೇ ಬೆರಳಿನ ಬಲದಲ್ಲಿ ಒಳಗೆ ಕೂರಿಸಿ. ತಾಗಿತು ಅನ್ನಿಸಿದ ಕಡೆ ನಿಲ್ಲಿಸಿಬಿಡಿ. ಅದರ ತುದಿ ಸೂಜಿ ಥರ ಚೂಪು. ಒತ್ತಿ ಟೈಟ್ ಮಾಡಿದರೆ ಕಾರ್ಬೊರೇಟರ್‌ನ ಮೆತ್ತನೆ ಲೋಹದ ಸೀಟ್ ಅಗಲವಾಗಿ ಹೋಗುತ್ತದೆ, ಆಮೇಲೆ ಯಾವ ಟ್ಯೂನಿಂಗೂ ನಿಲ್ಲುವುದಿಲ್ಲ. ಅಲ್ಲಿಂದ ಒಂದೂವರೆ ಸುತ್ತು ಹೊರಗೆ ಬನ್ನಿ. ಸ್ಟಾರ್ಟ್ ಮಾಡಿ ಸ್ಲೋ ಸ್ವಲ್ಪ ಏರಿಸಿಟ್ಟುಕೊಂಡು ಕಾಲು ಸುತ್ತು, ಕಾಲು ಸುತ್ತು ತಿರುಗಿಸಿ. ಪ್ರತಿ ಸಲವೂ ಕೆಲವು ಸೆಕೆಂಡು ಕಾಯಿರಿ, ಎಂಜಿನ್ ತಕ್ಷಣ ಉತ್ತರ ಕೊಡುವುದಿಲ್ಲ. ಎಲ್ಲಿ ಬಡಿತ ಅತಿ ವೇಗ, ಅತಿ ಸಮ ಇದೆಯೋ ಅದೇ ಜಾಗ. ಸ್ಲೋ ಸ್ಕ್ರೂವಿನಲ್ಲಿ ವೇಗ ಇಳಿಸಿ ಮತ್ತೊಮ್ಮೆ ಹುಡುಕಿ. ಕೊನೆಗೆ ಆ ಜಾಗದಿಂದ ಚೂರೇ ಚೂರು ಒಳಗೆ, ಅಂದರೆ ರಿಚ್ ಕಡೆ ಬಿಡಿ, ಆಕ್ಸಿಲರೇಟರ್ ಎತ್ತುವಾಗ ಮುಗ್ಗರಿಸುವುದಿಲ್ಲ.

ಈ ಜಾಗ ಒಂದರಿಂದ ಎರಡೂವರೆ ಸುತ್ತಿನ ಒಳಗೆ ಸಿಗಬೇಕು. ಅರ್ಧ ಸುತ್ತಿಗೂ ಒಳಗೆ ಹೋದರೆ ಪೈಲಟ್ ಜೆಟ್ ಕಟ್ಟಿದೆ, ಅಥವಾ ಎಲ್ಲೋ ಸಂದಿಯಿಂದ ಸುಳ್ಳು ಗಾಳಿ ಎಳೆಯುತ್ತಿದೆ. ಮೂರು ಸುತ್ತು ದಾಟಿದರೆ ಪೆಟ್ರೋಲ್ ಜಾಸ್ತಿ ಬರುತ್ತಿದೆ, ಫ್ಲೋಟ್ ಲೆವೆಲ್ (ಕಾರ್ಬೊರೇಟರ್ ಕಪ್‌ನಲ್ಲಿ ಪೆಟ್ರೋಲ್ ಮಟ್ಟ), ಚೋಕ್ ಪೂರ್ತಿ ಕೂರುತ್ತಿದೆಯಾ, ಫಿಲ್ಟರ್ ಕೊಳೆ, ಇವು ನೋಡಬೇಕು. ಸ್ಲೋ ಸ್ಕ್ರೂ ಸಡಿಲ ಮಾಡಿದ ಮೇಲೂ ಏನೂ ಬದಲಾಗದಿದ್ದರೆ ಕಾರ್ಬೊರೇಟರ್ ಬಿಚ್ಚಲೇಬೇಕು, ಬೇರೆ ದಾರಿ ಇಲ್ಲ.

ಕುಡ್ಲ_ಸವಾರ

ತಾತ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಪಾಯಿಂಟ್ ಗಾಡಿ ಅಲ್ವಾ, ಕಾರ್ಬೊರೇಟರ್ ಮುಟ್ಟುವ ಮೊದಲು ಪಾಯಿಂಟ್ ಗ್ಯಾಪ್ 0.35ರಿಂದ 0.40 ಮಿ.ಮೀ. ಇದೆಯಾ ನೋಡಿ. ವೇಗ ಏರಿದಂತೆ ಸ್ಪಾರ್ಕ್ ಬೇಗ ಕೊಡಿಸುವ ಆಟೋ ಅಡ್ವಾನ್ಸ್‌ನ ಸ್ಪ್ರಿಂಗ್ ಸಡಿಲ ಆಗಿದ್ದರೂ ರೇಸ್ ಹಾಗೇ ನಿಲ್ಲುತ್ತದೆ, ಎಲ್ಲರೂ ಸುಮ್ನೆ ಕಾರ್ಬೊರೇಟರನ್ನು ಬೈಯುತ್ತಾರೆ. ಟ್ಯಾಪೆಟ್ (ವಾಲ್ವ್ ಸಂದಿ) ಕೂಡ ನೋಡಿ. ಎಂಜಿನ್ ತಣ್ಣಗಿದ್ದಾಗ, ಎರಡೂ ವಾಲ್ವ್ ಮುಚ್ಚಿರುವ ಟಿಡಿಸಿಯಲ್ಲಿ (ಪಿಸ್ಟನ್ ತೀರಾ ಮೇಲೆ ಬಂದಾಗ), ವಾಲ್ವ್ ತೆರೆಸುವ ಪುಷ್‌ರಾಡ್ ಬೆರಳಲ್ಲಿ ಸಲೀಸಾಗಿ ಸುತ್ತಬೇಕು, ಮೇಲೆ ಕೆಳಗೆ ಆಡಬಾರದು. ಬಿಗಿ ಇದ್ದರೆ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ, ಸ್ಲೋ ಎಲ್ಲಿಂದ ನಿಲ್ಲಬೇಕು?

ಸೈಲೆನ್ಸರ್ ಬೆಂಡ್ ಹೆಡ್‌ಗೆ ಸೇರುವ ಕಡೆ ಮಸಿ ಗುರುತು ಇದೆಯಾ ನೋಡಿ. ಅಲ್ಲಿ ಲೀಕ್ ಇದ್ದರೆ ಮಿಕ್ಸ್ಚರ್ ಸರಿ ಇದ್ದರೂ ಪಟ್ ಪಟ್ ಹೊಡೆಯುತ್ತದೆ.

ಸಕಲೇಶಪುರ_350

ಪಾಯಿಂಟ್, ಟ್ಯಾಪೆಟ್ ಎರಡೂ ಸರಿ ಇವೆ. ಬೆಂಡ್ ಹತ್ತಿರ ಮಸಿ ಇಲ್ಲ. ಸ್ಲೋ ಸ್ಕ್ರೂ ಸಡಿಲ ಮಾಡಿ ಏರ್ ಸ್ಕ್ರೂ ಪೂರ್ತಿ ಒಳಗೆ ಹಾಕಿದಾಗ ಮಾತ್ರ ಸ್ವಲ್ಪ ಹೊತ್ತು ನಿಂತಿತು, ಅರ್ಧ ಸುತ್ತು ಬಿಚ್ಚಿದರೆ ಸತ್ತಿತು. ಗಾಡಿ ಚಿಕ್ಕಪ್ಪನ ಮನೆಯಲ್ಲಿ ಟ್ಯಾಂಕಲ್ಲಿ ಪೆಟ್ರೋಲ್ ಇದ್ದ ಹಾಗೇ ಒಂದು ಮಳೆಗಾಲ ಪೂರ್ತಿ ನಿಂತಿತ್ತು, ಅದೂ ಕಾರಣ ಇರಬಹುದಾ?

ಟ್ಯಾಪೆಟ್_ತಾತ

ಇರಬಹುದಾ ಅಲ್ಲ, ಅದೇ. ಈಗ ಬಂಕಲ್ಲಿ ಸಿಗುವುದು ಇ20, ಅಂದರೆ ಶೇ. 20 ಎಥನಾಲ್ ಬೆರೆತ ಪೆಟ್ರೋಲ್. ಅದರ ಎಥನಾಲ್ ನೀರು ಹೀರುತ್ತದೆ, ನಿಂತ ಗಾಡಿಯ ಕಪ್‌ನಲ್ಲಿ ಪೆಟ್ರೋಲ್ ಆರಿ ಅಂಟು ಉಳಿಯುತ್ತದೆ, ಹಿತ್ತಾಳೆ ಜೆಟ್ ಮೇಲೆ ಹಸಿರು ಕಿಲುಬು ಕೂರುತ್ತದೆ. ಮೇನ್ ಜೆಟ್ ತೂತು ದೊಡ್ಡದು, ಅದಕ್ಕೇ ಓಡುವಾಗ ಎಳೆತ ಚೆನ್ನಾಗಿದೆ. ಪೈಲಟ್ ಜೆಟ್ ತೂತು ಕಣ್ಣಿಗೆ ಕಾಣುವುದೇ ಕಷ್ಟ. ಇಷ್ಟೂ ಸಾಲದು ಅಂತ, ಎಥನಾಲ್ ಉರಿಯಲು ಬರೀ ಪೆಟ್ರೋಲ್‌ನಷ್ಟು ಗಾಳಿ ಬೇಕಿಲ್ಲ, ಹಾಗಾಗಿ ಅದೇ ಜೆಟ್‌ನಲ್ಲಿ ಇ20 ಹಾಕಿದರೆ ಗಾಡಿ ಮೊದಲಿಗಿಂತ ಲೀನ್ ಓಡುತ್ತದೆ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಇದನ್ನು ಬಿಡುಗಡೆ ಮಾಡಿದ್ದು. 1994ರ ಕಾರ್ಬೊರೇಟರ್‌ಗೆ ಆ ಸುದ್ದಿ ಗೊತ್ತಿಲ್ಲ ನೋಡಿ.

ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಣ್ಣಗಿದ್ದಾಗ ಕಾರ್ಬೊರೇಟರ್ ಇಳಿಸಿ. ದೇವರ ದೀಪ, ಬೀಡಿ ಯಾವುದೂ ಹತ್ತಿರ ಬೇಡ. ಕೆಳಗಿನ ಕಪ್ ಬಿಚ್ಚಿದರೆ ನಡುವೆ ಮೇನ್ ಜೆಟ್, ಪಕ್ಕದ ಗುಳಿಯೊಳಗೆ ಪೈಲಟ್ ಜೆಟ್. ಸ್ಕ್ರೂಡ್ರೈವರ್ ತುದಿ ಸೀಳಿಗೆ ಸರಿಯಾಗಿ ಕೂರಬೇಕು, ಜಾರಿದರೆ ಹಿತ್ತಾಳೆ ತಲೆ ಕಿತ್ತು ಬರುತ್ತದೆ. ಜೆಟ್ ಬೆಳಕಿಗೆ ಹಿಡಿದು ನೋಡಿ, ತೂತು ದುಂಡಗೆ ಕಾಣಬೇಕು. ಪಿನ್ ಹಾಕಿ ಕೆದಕಬೇಡಿ, ತೂತು ದೊಡ್ಡದಾದರೆ ಜೆಟ್ ಕೆಟ್ಟಿತು. ಕಾರ್ಬ್ ಕ್ಲೀನರ್‌ನಲ್ಲಿ ನೆನೆಸಿ, ವೈರ್ ಒಳಗಿನ ತಾಮ್ರದ ಒಂದೇ ಎಳೆ ತೂರಿಸಿ, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿ. ಏರ್ ಸ್ಕ್ರೂ ತೂತಿನಿಂದಲೂ ಹೊಡೆಸಿ, ಗಾಳಿ ಸ್ಲೈಡ್ ಮುಂದಿನ ಸಣ್ಣ ತೂತಿನಿಂದ ಬರಬೇಕು. ಕಣ್ಣಿಗೆ ಕನ್ನಡಕ ಇರಲಿ.

ಇಳಿಸಿದಾಗಲೇ ಫ್ಲ್ಯಾಂಜ್, ಅಂದರೆ ಎಂಜಿನ್‌ಗೆ ಕೂರುವ ಚಪ್ಪಟೆ ಮುಖ, ನೋಡಿ. ಎರಡು ನಟ್ ವರ್ಷಗಟ್ಟಲೆ ಬಿಗಿದು ಬಿಗಿದು ಇವು ಬಿಲ್ಲಿನ ಹಾಗೆ ಬಾಗಿರುತ್ತವೆ. ಕನ್ನಡಿ ತುಂಡಿನ ಮೇಲಿಟ್ಟರೆ ನಡುವೆ ಬೆಳಕು ಕಾಣುತ್ತದೆ. ಅಲ್ಲಿಂದಲೇ ಸುಳ್ಳು ಗಾಳಿ. ಅಲ್ಲಿರುವ ಓ ರಿಂಗ್ (ರಬ್ಬರ್ ಬಳೆ) ಚಪ್ಪಟೆ ಆಗಿದ್ದರೆ ಹೊಸದು ಹಾಕಿ, ದುಡ್ಡು ಲೆಕ್ಕಕ್ಕೇ ಬರುವುದಿಲ್ಲ.

ಸಕಲೇಶಪುರ_350

ತಾತ, ಜೆಟ್‌ನಲ್ಲಿ ಬೆಳಕೇ ಕಾಣಲಿಲ್ಲ, ಪೂರ್ತಿ ಹಸಿರು. ಓ ರಿಂಗ್ ಉಗುರಲ್ಲಿ ಕೆರೆದು ತೆಗೆಯುವ ಹಾಗೆ ಅಂಟಿತ್ತು, ಬದಲಾಯಿಸಿದೆ. ಫ್ಲ್ಯಾಂಜ್ ನೆಟ್ಟಗಿದೆ. ಈಗ ಏರ್ ಸ್ಕ್ರೂ ಒಂದು ಕಾಲು ಸುತ್ತಿನಲ್ಲಿ ಬಡಿತ ಸಮ ಇದೆ, ಕಾಲು ಸುತ್ತು ಆಚೀಚೆ ಮಾಡಿದರೂ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ. ಚೋಕ್ ಬೇಗ ತೆಗೆಯಬಹುದು. ಪಟ್ ಪಟ್ ಅಪರೂಪಕ್ಕೆ ಒಂದು. ಎರಡು ಪ್ರಶ್ನೆ ಉಳಿದಿವೆ. ಮಂಗಳೂರಿಗೂ ಚಿಕ್ಕಮಗಳೂರಿಗೂ ಓಡಾಡುತ್ತೇನೆ, ಪ್ರತಿ ಸಲ ಸ್ಕ್ರೂ ಬದಲಾಯಿಸಬೇಕಾ? ಮತ್ತೆ ಸ್ಲೋ ಇನ್ನೂ ಇಳಿಸಿ ಡುಗ್... ಡುಗ್... ಅಂತ ಬಿಡಬಹುದಾ, ಕೇಳಲು ಅದೇ ಚೆಂದ.

ಟ್ಯಾಪೆಟ್_ತಾತ

ಬೇಡ. ಚಿಕ್ಕಮಗಳೂರು ಸಾವಿರ ಮೀಟರ್ ಮೇಲೆ ಇದೆ, ಗಾಳಿ ತೆಳು, ಗಾಡಿ ಚೂರು ರಿಚ್ ಆಗುತ್ತದೆ, ಒಂದೆರಡು ದಿನಕ್ಕೆ ಸ್ಕ್ರೂ ಮುಟ್ಟುವುದು ಬೇಕಿಲ್ಲ. ಅಲ್ಲೇ ತಿಂಗಳುಗಟ್ಟಲೆ ಇರುವುದಾದರೆ ಕಾಲು ಸುತ್ತು ಬಿಚ್ಚಿ ನೋಡಿ.

ಎರಡನೆಯದಕ್ಕೂ ಬೇಡ. ಕೇಳಲು ಚೆಂದ, ಒಪ್ಪಿದೆ. ಆದರೆ ಈ ಎಂಜಿನ್‌ನ ಆಯಿಲ್ ಪಂಪ್ ಎಂಜಿನ್ ಸುತ್ತಿದಷ್ಟೇ ಎಣ್ಣೆ ತಳ್ಳುವುದು, ಬಿಗ್ ಎಂಡ್‌ನಲ್ಲಿ (ಕನೆಕ್ಟಿಂಗ್ ರಾಡ್ ಕ್ರ್ಯಾಂಕ್‌ಗೆ ಸೇರುವ ಕಡೆ) ಇರುವುದು ಫ್ಲೋಟಿಂಗ್ ಬುಷ್, ಎಣ್ಣೆಯ ಮೇಲೆ ತಿರುಗುವ ಲೋಹದ ಬಳೆ. ಬಿಸಿ ಎಂಜಿನ್ ತೀರಾ ನಿಧಾನಕ್ಕೆ ಬಡಿಯುತ್ತಾ ನಿಂತರೆ ಅಲ್ಲಿಗೆ ಎಣ್ಣೆ ಸಾಲದೆ ಬುಷ್ ತಿನ್ನುತ್ತದೆ. ಹೆಡ್‌ಲೈಟ್ ಹಾಕಿದರೂ ಆಫ್ ಆಗದೆ, ಬಡಿತ ತಪ್ಪದೆ ನಿಲ್ಲುವಷ್ಟು ಇಡಿ. ಇನ್ನು ಸ್ವಲ್ಪ ದಿನ ಓಡಿಸಿ ಪ್ಲಗ್ ಬಿಚ್ಚಿ ಫೋಟೋ ಹಾಕಿ, ಕಾಫಿ ಪುಡಿ ಬಣ್ಣ ಬಂದಿದ್ದರೆ ಸ್ಕ್ರೂಡ್ರೈವರ್ ಒಳಗಿಡಿ. ಬೆಳ್ಳಗಿದ್ದರೆ ಇನ್ನೂ ಲೀನ್, ಆಗ ನೀಡಲ್ ಕ್ಲಿಪ್ ಬಗ್ಗೆ ಮಾತಾಡೋಣ.